ಅಳತೆ ಪುಸ್ತಕಕ್ಕೆ ಸಿಗದ ದಿಬ್ಬಗಳು

ಆಷಾಢದ ಗಾಳಿ ಎದ್ದರೆ ಕೋಲಾರ ಚಿನ್ನದ ಗಣಿ ಊರು ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಲ್ಲಿ, ಗಣಿ ಕಾರ್ಮಿಕರ ಲೈನ್ ಮನೆಗಳಲ್ಲಿ ಒಗೆದ ಬಟ್ಟೆಯನ್ನು ಹೊರಗೆ ಹರವುವುದಿಲ್ಲ. ನಾನು ಹೋದ ದಿನ ಒಂದು ಮನೆಯ ಕಿಟಕಿ ಸಂದಿಗೆಲ್ಲ ಹಳೆ ಸೀರೆಯ ತುಂಡು ತುರುಕಿದ್ದರು. ಆದರೂ ಒಳಗೆ ಟಿ.ವಿ. ಮೇಲೆ ಬೂದಿ ಬಣ್ಣದ ಧೂಳು ಕೂತಿತ್ತು. "ಬೆಳಗ್ಗೆ ತಾನೇ ಒರೆಸಿದ್ದು ಸಾರ್, ಮತ್ತೆ ಬಂದು ಕೂತಿದೆ ನೋಡಿ" ಅಂದರು ಮನೆಯಾಕೆ. ಬೆರಳಲ್ಲಿ ತೆಗೆದು ಉಜ್ಜಿ ನೋಡಿದೆ. ರವೆಯ ಹಾಗೆ ತರಿತರಿ ಇರಲಿಲ್ಲ, ಮೈದಾ ಹಿಟ್ಟಿನಷ್ಟು ನಯ. ತೊಂದರೆ ಇರುವುದು ಆ ನಯದಲ್ಲೇ.

ಹಿಟ್ಟು ಬಂದದ್ದು ಬೀದಿಯ ಕೊನೆಗೆ ನಿಂತಿರುವ ದಿಬ್ಬದಿಂದ, ಚಿನ್ನ ತೆಗೆದ ಮೇಲೆ ಉಳಿದ ಗಣಿ ಕೆಸರು ಒಣಗಿ ನಿಂತ ರಾಶಿಯಿಂದ. ಕೆಜಿಎಫ್‌ನಲ್ಲಿ ಅಂಥವು ಹದಿಮೂರಿವೆ. ಊರವರ ಬಾಯಲ್ಲಿ ಅವು ಸೈನೈಡ್ ದಿಬ್ಬ, ಸರ್ಕಾರದ ಕಡತದಲ್ಲಿ ಟೈಲಿಂಗ್ ಡಂಪ್. ಎಲ್ಲ ಸೇರಿ 3 ಕೋಟಿ ಟನ್ನಿಗೂ ಮಿಗಿಲು. ಮಳೆ ಕೊರೆದ ಕೊರಕಲು, ಅಲ್ಲಲ್ಲಿ ಜಾಲಿ, ಬುಡದಲ್ಲಿ ಕುಸಿದ ತಡೆಗೋಡೆ. ದೂರದಿಂದ ನೋಡಿದವರಿಗೆ ಚೆಂದ ಕಾಣುತ್ತವೆ, ಸಿನಿಮಾದವರು ಸುಮ್ಮನೆ ಬರುವುದಿಲ್ಲ.

ಇವನ್ನು ಶುಚಿ ಮಾಡುವ ಕೆಲಸ ಯಾರದ್ದು, ಅದರ ಗುತ್ತಿಗೆ ಹೇಗಿರಬೇಕು ಎಂಬ ಪ್ರಶ್ನೆ ಎತ್ತಿದರೆ ಕೋಲಾರದಲ್ಲಿ ಮಾತು ಚಿನ್ನದ ಕಡೆಗೇ ತಿರುಗುತ್ತದೆ. ನೂರಮೂವತ್ತು ವರ್ಷದಿಂದ ಹೀಗೇ ತಿರುಗುತ್ತಿದೆ.

ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಕೈಹಾಕಿದ್ದು 1880ರಲ್ಲಿ. ಸ್ಕಾಟ್ಲೆಂಡಿನಲ್ಲಿ 1887ರ ಹೊತ್ತಿಗೆ ಸೈನೈಡ್ ವಿಧಾನಕ್ಕೆ ಪೇಟೆಂಟ್ ಆಯಿತು, ಅದಾದ ಕೆಲವೇ ವರ್ಷಗಳಲ್ಲಿ ಅದು ಕೋಲಾರಕ್ಕೂ ಬಂತು. ಅದಿರನ್ನು ಕುಟ್ಟಿ ಹಿಟ್ಟು ಮಾಡಿ ಸೈನೈಡ್ ನೀರಿನಲ್ಲಿ ನೆನೆಹಾಕಿದರೆ ಕಣ್ಣಿಗೆ ಕಾಣದ ಚಿನ್ನವೂ ಕರಗಿ ನೀರಿಗೆ ಇಳಿಯುತ್ತದೆ. ಆ ನೀರಿನಿಂದ ಚಿನ್ನ ತೆಗೆದ ಮೇಲೆ ಉಳಿದ ಕೆಸರನ್ನು ಪಕ್ಕದಲ್ಲಿ ಸುರಿಯುತ್ತಿದ್ದರು. ಸುಮಾರು 120 ವರ್ಷದಲ್ಲಿ 5 ಕೋಟಿ ಟನ್ನಿನಷ್ಟು ಅದಿರು ಮೇಲೆ ಬಂದು, 800 ಟನ್ನಿನಷ್ಟು ಚಿನ್ನ ಊರು ಬಿಟ್ಟು ಹೋಯಿತು. ಮಿಕ್ಕಿದ್ದು ಇಲ್ಲೇ ಇದೆ. ಒಂದಷ್ಟು ಗಣಿಯ ಹೊಟ್ಟೆಗೆ ವಾಪಸ್ ಹೋಗಿರಬಹುದು, ಉಳಿದದ್ದೆಲ್ಲ ದಿಬ್ಬ.

ಮಾಲೀಕರು ಬದಲಾದರು. 1956ರಲ್ಲಿ ಮೈಸೂರು ರಾಜ್ಯ ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು, 1962ರಲ್ಲಿ ಅವು ಕೇಂದ್ರದ ಕೈಗೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್, ಅಂದರೆ ಬಿಜಿಎಂಎಲ್ ಹುಟ್ಟಿತು. ಒಬ್ಬರಿಂದ ಒಬ್ಬರಿಗೆ ಯಂತ್ರ, ಜಮೀನು, ಸಾಲ, ನೌಕರರು ಎಲ್ಲದರ ಲೆಕ್ಕ ದಾಟಿತು. ದಿಬ್ಬ ಮಾತ್ರ ಜಮೀನಿನ ಜೊತೆ ಬಂದ ಸಾಮಾನಿನ ಹಾಗೆ ಬಂತು. ಯಾರೂ ಅದನ್ನು ಹೊಣೆ ಅಂತ ಬರೆದುಕೊಳ್ಳಲಿಲ್ಲ. ಚಿನ್ನದ ಬೆಲೆ ಏರಿದಾಗ ಅದು ಆಸ್ತಿ, ಇಳಿದಾಗ ಬರೀ ಮಣ್ಣು.

2001ರ ಫೆಬ್ರುವರಿ 28ರಂದು ಬಿಜಿಎಂಎಲ್ ಬಾಗಿಲು ಹಾಕಿತು. ಇಲ್ಲೊಂದು ತಾರೀಖನ್ನು ಗಮನಿಸಬೇಕು. ಗಣಿ ಮುಚ್ಚುವಾಗ ಅಂತಿಮ ಮುಚ್ಚುವಿಕೆ ಯೋಜನೆ ಸಲ್ಲಿಸಬೇಕು, ಅದಕ್ಕೆ ಭದ್ರತಾ ಠೇವಣಿ ಇಡಬೇಕು ಎಂಬ ನಿಯಮ ದೇಶದಲ್ಲಿ ಬಂದದ್ದು 2003ರಲ್ಲಿ. ಮೂರು ಕಿಲೋಮೀಟರಿಗೂ ಹೆಚ್ಚು ಆಳದ ಗಣಿ ಅದಕ್ಕೆ ಎರಡು ವರ್ಷ ಮೊದಲೇ ಬೀಗ ಹಾಕಿಕೊಂಡಿತ್ತು. ಪಂಪುಗಳು ನಿಂತವು, ಸುರಂಗಕ್ಕೆ ನೀರು ತುಂಬಿತು, ದಿಬ್ಬ ಹಾಗೇ ಉಳಿಯಿತು.

ಸೈನೈಡ್ ಎಂಬ ಹೆಸರು ಕೇಳಿದ ಕೂಡಲೇ ಜನ ಬೆಚ್ಚುತ್ತಾರೆ. ಹೆಸರಿನಷ್ಟು ಅಪಾಯ ಈಗ ಸೈನೈಡಿನದ್ದಲ್ಲ. ಬಿಡಿಯಾಗಿರುವ ಸೈನೈಡ್ ಬಿಸಿಲಿಗೆ ಒಡೆಯುತ್ತದೆ, ಕ್ಷಾರ ಕಡಿಮೆಯಾದಾಗ ಅನಿಲವಾಗಿ ಹಾರಿಹೋಗುತ್ತದೆ. ದಶಕಗಳ ಕಾಲ ಬಿಸಿಲು ಮಳೆ ತಿಂದ ಮೇಲ್ಪದರದಲ್ಲಿ ಅದರ ಬಹುಪಾಲು ಉಳಿಯುವುದಿಲ್ಲ. ಉಳಿಯುವುದು ಹಿಟ್ಟಾಗಿ ಕುಟ್ಟಿದ ಬೆಣಚುಕಲ್ಲು, ಅಂದರೆ ಸಿಲಿಕಾ. ಜೊತೆಗೆ ಅದಿರಿನಲ್ಲೇ ಇದ್ದ ಗಂಧಕ ಮತ್ತು ಆರ್ಸೆನಿಕ್ ಬೆರೆತ ಖನಿಜಗಳು. ಗಂಧಕದ ಖನಿಜಕ್ಕೆ ಗಾಳಿಯೂ ನೀರೂ ತಾಗಿದರೆ ಆಮ್ಲ ಹುಟ್ಟುತ್ತದೆ, ಆಮ್ಲ ಲೋಹವನ್ನು ಕರಗಿಸಿ ಹಳ್ಳಕ್ಕೆ ಇಳಿಸುತ್ತದೆ. ಈ ಕಡೆಯ ಹಳ್ಳಗಳು ಸೇರುವುದು ಪಾಲಾರ್ ನದಿಯನ್ನು.

ಸಿಲಿಕಾ ಈ ಊರಿಗೆ ಹೊಸದಲ್ಲ. ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಸಿಲಿಕೋಸಿಸ್ ಭಾರತದಲ್ಲಿ ಮೊದಲು ವರದಿಯಾದದ್ದು ಇಲ್ಲೇ, 1934ರಲ್ಲಿ. 1940ರಲ್ಲಿ ಅದನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆ ಎಂದು ಮಾಡಲಾಯಿತು. 1947ರಲ್ಲಿ ಪ್ರಕಟವಾದ ತಪಾಸಣೆಯಲ್ಲಿ 7,653 ಕಾರ್ಮಿಕರ ಪೈಕಿ ಶೇ 43.7ರಷ್ಟು ಮಂದಿಯಲ್ಲಿ ಅದು ಕಂಡುಬಂದಿತ್ತು. ಅದು ಸುರಂಗದೊಳಗಿನ ಧೂಳು, ಉಸಿರಾಡಿದವರು ಸಂಬಳ ತೆಗೆದುಕೊಂಡು ಇಳಿದವರು. ಮೇಲಿನ ಈ ಧೂಳನ್ನು ಉಸಿರಾಡುವವರಿಗೆ ಸಂಬಳವೂ ಇಲ್ಲ, ತಪಾಸಣೆಯ ಪಟ್ಟಿಯಲ್ಲಿ ಹೆಸರೂ ಇಲ್ಲ.

ಇನ್ನು ಕಾನೂನಿನ ಕತೆ. ಮಲಿನ ಮಾಡಿದವನೇ ಶುಚಿಯ ಖರ್ಚು ಕೊಡಬೇಕು ಎಂಬ ತತ್ವವನ್ನು ಸುಪ್ರೀಂ ಕೋರ್ಟ್ ಗಟ್ಟಿಯಾಗಿ ಹೇಳಿದ್ದು 1996ರಲ್ಲಿ, ರಾಜಸ್ಥಾನದ ಉದಯಪುರ ಸಮೀಪದ ಬಿಛ್ರಿ ಪ್ರಕರಣದಲ್ಲಿ. ಬಣ್ಣಕ್ಕೆ ಬಳಸುವ ರಾಸಾಯನಿಕ ತಯಾರಿಸಿ, ಕಸವನ್ನು ಬಯಲಿಗೆ ಬಿಟ್ಟು, ಸುತ್ತಲಿನ ಬಾವಿಗಳನ್ನೆಲ್ಲ ಕೆಡಿಸಿದ ಕಾರ್ಖಾನೆಗಳ ಮೊಕದ್ದಮೆ ಅದು. ಶುಚಿಯ ಖರ್ಚು 37.385 ಕೋಟಿ ರೂಪಾಯಿ ಎಂದು ಲೆಕ್ಕ ಹಾಕಿದ್ದೂ ಆಯಿತು. ಹಣ ಮಾತ್ರ ಬರಲಿಲ್ಲ. ಅರ್ಜಿ ಮೇಲೆ ಅರ್ಜಿ ಹಾಕಿ ಎಳೆದಾಡಿದ ಕಂಪನಿಗೆ 2011ರಲ್ಲಿ ಕೋರ್ಟು ಚಕ್ರಬಡ್ಡಿ ಸೇರಿಸಿ ಕೊಡು ಎಂದು ಮತ್ತೆ ಹೇಳಬೇಕಾಯಿತು. ಕಣ್ಣೆದುರು ಮಾಲೀಕನಿದ್ದ ಪ್ರಕರಣದ ಪಾಡೇ ಇದು. 2010ರಲ್ಲಿ ವಿಶ್ವ ಬ್ಯಾಂಕ್ ಸಾಲದಲ್ಲಿ ಒಂದು ಯೋಜನೆ ಶುರುವಾಗಿ, ಆಂಧ್ರ ಮತ್ತು ಪಶ್ಚಿಮ ಬಂಗಾಳದಲ್ಲಿ ಮಲಿನ ತಾಣಗಳನ್ನು ಶುಚಿ ಮಾಡುವ ಪ್ರಯೋಗ ನಡೆಯಿತು. ಕರ್ನಾಟಕ ಅದರಲ್ಲಿರಲಿಲ್ಲ.

ಕೊನೆಗೆ 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಕಲುಷಿತ ತಾಣಗಳ ನಿರ್ವಹಣೆಗೆಂದೇ ನಿಯಮ ಹೊರಡಿಸಿತು. ಅನುಮಾನಾಸ್ಪದ ತಾಣಗಳ ಪಟ್ಟಿಯನ್ನು ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಕೊಡಬೇಕು, 90 ದಿನದಲ್ಲಿ ಪ್ರಾಥಮಿಕ ಪರೀಕ್ಷೆ ಆಗಬೇಕು, ಆಮೇಲೆ ಮೂರು ತಿಂಗಳಲ್ಲಿ ವಿವರವಾದ ಸಮೀಕ್ಷೆ. ಮಲಿನ ಮಾಡಿದವನನ್ನು ಗುರುತಿಸಿ ವಸೂಲಿ ಮಾಡಬೇಕು, ಅವನಿಗೆ ಕೈಲಾಗದಿದ್ದರೆ ಕೇಂದ್ರ, ರಾಜ್ಯ ಸೇರಿ ಭರಿಸಬೇಕು. ದೇಶದಲ್ಲಿ ಆ ಹೊತ್ತಿಗೆ ಗುರುತಾಗಿದ್ದ ಕಲುಷಿತ ತಾಣ 103, ಶುಚಿ ಕೆಲಸ ಶುರುವಾಗಿದ್ದದ್ದು ಏಳರಲ್ಲಿ. ಇಷ್ಟು ಓದಿ ಕೋಲಾರದವರು ಖುಷಿಪಡುವ ಹಾಗಿಲ್ಲ. ನಿಯಮದ ಶುರುವಿನಲ್ಲೇ ಯಾವುದಕ್ಕೆ ಇದು ಅನ್ವಯಿಸುವುದಿಲ್ಲ ಎಂಬ ಪಟ್ಟಿಯಿದೆ: ವಿಕಿರಣ ತ್ಯಾಜ್ಯ, ಸಮುದ್ರಕ್ಕೆ ಚೆಲ್ಲಿದ ಎಣ್ಣೆ, ಊರಿನ ಕಸದ ರಾಶಿ, ಜೊತೆಗೆ ಗಣಿಗಾರಿಕೆ. ಬೇರೆ ವಿಷ ಬೆರೆತು ಮಿತಿ ಮೀರಿದ್ದರೆ ಮಾತ್ರ ಒಳಗೆ ಬರಲು ಒಂದು ಸಂದಿ ಬಿಟ್ಟಿದ್ದಾರೆ. ಗಣಿಗೆ ಬೇರೆ ಕಾನೂನಿದೆಯಲ್ಲ ಎಂಬುದು ವಾದ. ಆ ಬೇರೆ ಕಾನೂನು ಹುಟ್ಟುವ ಮೊದಲೇ ನಮ್ಮ ಗಣಿ ಮುಚ್ಚಿತ್ತು ಎಂಬುದು ನಮ್ಮ ಪಾಡು.

ಸರಿ, ಹಣ ಬಂತು ಅಂತಲೇ ಇಟ್ಟುಕೊಳ್ಳೋಣ. ಗುತ್ತಿಗೆ ಹೇಗೆ ಕೊಡುತ್ತಾರೆ? ಕರ್ನಾಟಕದಲ್ಲಿ ಸರ್ಕಾರಿ ಖರೀದಿಗೆ 1999ರ ಪಾರದರ್ಶಕತೆ ಕಾಯ್ದೆ ಇದೆ. ಕೆರೆ ಹೂಳೆತ್ತಿಸಿದ ಕೋಲಾರದವರಿಗೆ ಅದರ ನಡೆ ಬಾಯಿಪಾಠ: ಡಿಪಿಆರ್ ಅಂದರೆ ವಿವರವಾದ ಯೋಜನಾ ವರದಿ, ಅಂದಾಜು ಪಟ್ಟಿ, ಎರಡು ಲಕೋಟೆಯ ಟೆಂಡರ್, ಎಲ್ಲರಿಗಿಂತ ಕಡಿಮೆ ಬೆಲೆ ಕೂಗಿದ ಎಲ್-1, ಕೆಲಸ, ಎಂ.ಬಿ. ಅಂದರೆ ಆದ ಕೆಲಸವನ್ನು ಅಳೆದು ಬರೆಯುವ ಅಳತೆ ಪುಸ್ತಕ, ಬಿಲ್. ಕೆಲಸಕ್ಕೆ ಮುಂಚೆ ಲೆವೆಲ್ ಹಿಡಿ, ಆಮೇಲೆ ಲೆವೆಲ್ ಹಿಡಿ, ನಡುವಿನ ವ್ಯತ್ಯಾಸ ಇಷ್ಟು ಘನ ಮೀಟರ್, ಇದಕ್ಕಿಷ್ಟು ರೂಪಾಯಿ. ಹೂಳಿಗೆ ಇದು ಸರಿ.

ಮಲಿನ ಮಣ್ಣಿಗೆ ಈ ಲೆಕ್ಕ ಕೂರುವುದಿಲ್ಲ. ಎರಡು ಅಡಿ ತೆಗೆದು ಮಾದರಿ ಕಳಿಸಿದರೆ ಪ್ರಯೋಗಾಲಯದಿಂದ ಇನ್ನೂ ಇದೆ ಅಂತ ಬರುತ್ತದೆ. ಮತ್ತೆರಡು ಅಡಿ ಅಗೆಯಬೇಕು. ಪಕ್ಕದ ಸರ್ವೆ ನಂಬರಿಗೂ ಹಬ್ಬಿದ್ದರೆ ಅಲ್ಲಿಗೂ ಹೋಗಬೇಕು. ಪ್ರಮಾಣ ಎಷ್ಟೆಂದು ಅಗೆಯುವ ತನಕ ದೇವರಿಗೂ ಗೊತ್ತಿಲ್ಲ. ಅಂದಾಜು ಮೀರಿದರೆ ಲೆಕ್ಕಪರಿಶೋಧನೆಯವರು ಆಕ್ಷೇಪಣೆ ಬರೆಯುತ್ತಾರೆ, ಉತ್ತರ ಕೊಡಬೇಕಾದವನು ಸಹಿ ಹಾಕಿದ ಎಂಜಿನಿಯರ್. ಅವನೂ ಮನೆ ಮಠ ಇರುವವನು. ಹಾಗಾಗಿ ಇಂತಿಷ್ಟು ಟನ್ ಎತ್ತಿ ಇಂತಲ್ಲಿಗೆ ಸಾಗಿಸುವುದು ಎಂದು ಬರೆದು ಕೈತೊಳೆದುಕೊಳ್ಳುವುದೇ ಕ್ಷೇಮ. ಎಷ್ಟು ಎತ್ತಿದೆ ಎಂಬುದಕ್ಕೆ ಎಂ.ಬಿ.ಯಲ್ಲಿ ಕಾಲಂ ಇದೆ, ಎಷ್ಟು ಉಳಿಯಿತು ಎಂಬುದಕ್ಕೆ ಇಲ್ಲ. ನನ್ನ ದೃಷ್ಟಿಯಲ್ಲಿ ಈ ವಿಷಯದ ಗಂಟು ಇರುವುದು ಇಲ್ಲಿ, ಭ್ರಷ್ಟಾಚಾರದ ಮಾತೆಲ್ಲ ಆಮೇಲಿನದು. ಗುಣಮಟ್ಟಕ್ಕೂ ಅಂಕ ಕೊಟ್ಟು ಗುತ್ತಿಗೆದಾರರನ್ನು ಆರಿಸಲು ಕೇಂದ್ರ ಹಣಕಾಸು ಸಚಿವಾಲಯ 2021ರಲ್ಲಿ ದಾರಿ ಮಾಡಿತು, ಆದರೆ ಆ ಅಂಕ ಗರಿಷ್ಠ ಶೇ 30. ಅದು ಕೂಡ ಕೆಲಸ ಕೊಡುವಾಗಿನ ಮಾತು, ಬಿಲ್ ಕೊಡುವಾಗಿನದ್ದಲ್ಲ.

ಭೋಪಾಲದ ಉದಾಹರಣೆ ನೋಡಿ. 1984ರ ದುರಂತದ ಕಾರ್ಖಾನೆಯಂಗಳದಿಂದ 337 ಟನ್ ವಿಷದ ಕಸ ಹೊರಟದ್ದು 2025ರ ಜನವರಿ 1ರ ರಾತ್ರಿ, ಪೀಥಂಪುರದಲ್ಲಿ ಸುಡಲಿಕ್ಕೆ. ಅದಕ್ಕೆ ಮಂಜೂರಾದದ್ದು 126 ಕೋಟಿ, ಟನ್ನಿಗೆ 37 ಲಕ್ಷದ ಮೇಲಾಯಿತು. ಗುತ್ತಿಗೆ ಇದ್ದದ್ದು ಚೀಲಕ್ಕೆ ತುಂಬಿಟ್ಟಿದ್ದ ಕಸಕ್ಕೆ. ಅಂಗಳದ ಮಣ್ಣು, ಕೆಳಗಿನ ನೀರು ಆ ಲೆಕ್ಕಕ್ಕೆ ಸೇರಿರಲಿಲ್ಲ. ಆ ದರದಲ್ಲಿ ನಮ್ಮ 3 ಕೋಟಿ ಟನ್ ಗುಣಿಸಲು ಹೋಗಬೇಡಿ, ಕ್ಯಾಲ್ಕುಲೇಟರ್ ಸಾಲದು. ದಿಬ್ಬಕ್ಕೆ ಹಾಗೆ ಸುಡುವ ಕೆಲಸವೂ ಬೇಕಿಲ್ಲ. ಇಳಿಜಾರು ಸರಿಪಡಿಸಿ, ಮೇಲೆ ಮಣ್ಣಿನ ಹೊದಿಕೆ ಹಾಕಿ, ಹುಲ್ಲು ಬೆಳೆಸಿ, ಹರಿದು ಬರುವ ನೀರನ್ನು ಹಿಡಿದಿಟ್ಟು ಶುದ್ಧ ಮಾಡಿ, ವರ್ಷವರ್ಷವೂ ನೋಡಿಕೊಳ್ಳುವ ಕೆಲಸ ಅದು. ಗಿಡ ನೆಟ್ಟ ಬಿಲ್ ಬೇಗ ಪಾಸಾಗುತ್ತದೆ, ಇಪ್ಪತ್ತು ವರ್ಷ ನೀರು ಪರೀಕ್ಷಿಸುವ ಗುತ್ತಿಗೆ ಬರೆಯುವವರು ಬೇಕಲ್ಲ.

ಕೆಜಿಎಫ್‌ನಲ್ಲಿ ಹೊರಟಿರುವ ಟೆಂಡರ್ ಶುಚಿಯದ್ದಲ್ಲ, ಮಾರಾಟದ್ದು. ಬಿಜಿಎಂಎಲ್ ಆಸ್ತಿ ಮಾರಲು ಜಾಗತಿಕ ಟೆಂಡರ್ ಕರೆಯುವ ತೀರ್ಮಾನ ಕೇಂದ್ರ ಸಂಪುಟದಲ್ಲಿ ಆದದ್ದು 2006ರಲ್ಲಿ, ಹೈಕೋರ್ಟು ಸುಪ್ರೀಂ ಕೋರ್ಟು ಸುತ್ತಿ 2013ರಲ್ಲಿ ಅದಕ್ಕೆ ದಾರಿಯಾಯಿತು. 2024ರ ಜೂನ್‌ನಲ್ಲಿ ರಾಜ್ಯ ಸಂಪುಟ, 13 ದಿಬ್ಬಗಳಿರುವ 1,003.4 ಎಕರೆಯಲ್ಲಿ ಮೇಲ್ಮೈ ಗಣಿಗಾರಿಕೆಯ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿತು. ಪತ್ರಿಕೆಗಳಲ್ಲಿ "ಮತ್ತೆ ಚಿನ್ನದ ಬೇಟೆ" ಥರದ ಶೀರ್ಷಿಕೆಗಳು.

ಈಗ ಪುಟ್ಟ ಲೆಕ್ಕ. ದಿಬ್ಬದ ಒಂದು ಟನ್ ಮಣ್ಣಿನಲ್ಲಿರುವ ಚಿನ್ನ ಒಂದು ಗ್ರಾಂಗೂ ಕಡಿಮೆ. ಅದನ್ನು ತೆಗೆಯಬೇಕಾದರೆ ಇಡೀ ದಿಬ್ಬವನ್ನು ಕೆದಕಿ, ಮತ್ತೆ ಕೆಸರು ಮಾಡಿ, ಮತ್ತೆ ರಾಸಾಯನಿಕದಲ್ಲಿ ನೆನೆಸಬೇಕು. ಒಂದು ಗ್ರಾಂ ತಿಜೋರಿಗೆ, ಮಿಕ್ಕ 999 ಕಿಲೋ 999 ಗ್ರಾಂ ಇನ್ನೊಂದು ದಿಬ್ಬಕ್ಕೆ. ಆ ಹೊಸ ದಿಬ್ಬ ಎಲ್ಲಿ, ತಳಕ್ಕೆ ನೀರು ಇಂಗದ ಹೊದಿಕೆ ಇದೆಯೇ, ಮೇಲೆ ಮುಚ್ಚುವವರು ಯಾರು, ಕಂಪನಿ ನಡುವೆ ಕೈಯೆತ್ತಿದರೆ ಖರ್ಚು ಯಾರದು ಎಂಬುದನ್ನು ಗುತ್ತಿಗೆಯಲ್ಲಿ ಬರೆದರೆ ಈ ಮಾರಾಟವೇ ಶುಚಿಯ ಕೆಲಸವಾಗಬಹುದು. ಚಿನ್ನದ ದುಡ್ಡಲ್ಲೇ ದಿಬ್ಬ ಭದ್ರವಾಗಿ ಕೂತೀತು. ನಾನು ಈ ಟೆಂಡರಿನ ವಿರೋಧಿಯಲ್ಲ, ಬಹುಶಃ ಹಣ ಬರುವ ದಾರಿ ಇದೊಂದೇ. ಬರೆಯದಿದ್ದರೆ ಮಾತ್ರ ನೂರು ವರ್ಷ ಗಟ್ಟಿಯಾಗಿ ಕೂತ ಹಿಟ್ಟನ್ನು ನಾವೇ ಕೆದಕಿ ಗಾಳಿಗೆ ಕೊಟ್ಟ ಹಾಗೆ.

ಈಗಿನ ಖನಿಜ ನಿಯಮದಲ್ಲಿ ಗಣಿ ಮುಚ್ಚುವ ಭದ್ರತೆಗೆ ಠೇವಣಿ ಇದೆ. 2021ರ ತಿದ್ದುಪಡಿಯಂತೆ ದೊಡ್ಡ ಯಾಂತ್ರೀಕೃತ ಗಣಿಗಳಿಗೆ ಬಳಸಿದ ಹೆಕ್ಟೇರಿಗೆ 5 ಲಕ್ಷ ರೂಪಾಯಿ. 1,003 ಎಕರೆ ಅಂದರೆ ಸುಮಾರು 406 ಹೆಕ್ಟೇರ್. ಪೂರ್ತಿ ಬಳಸಿದರೂ 20 ಕೋಟಿ ಚಿಲ್ಲರೆ. ದಿಬ್ಬದ ಮಣ್ಣಿಗೆ ಹಂಚಿದರೆ ಟನ್ನಿಗೆ ಏಳು ರೂಪಾಯಿಯೂ ಬೀಳುವುದಿಲ್ಲ, ಕೆಜಿಎಫ್ ಬಸ್ ನಿಲ್ದಾಣದಲ್ಲಿ ಒಂದು ಟೀ ಅದಕ್ಕಿಂತ ಜಾಸ್ತಿ.

ಅಂದು ವಾಪಸ್ ಬರುವಾಗ ಮಾರಿಕುಪ್ಪಂ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಹುಡುಗ ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಹೋಗುವವನು, ದಿನಾ ಹೋಗಿ ಬರುತ್ತಾನೆ. ತಾತ ಗಣಿಯಲ್ಲಿದ್ದರಂತೆ. ದಿಬ್ಬದ ಬಗ್ಗೆ ಬರೆಯುತ್ತೇನೆ ಅಂದದ್ದಕ್ಕೆ, ಟೆಂಡರ್ ಯಾವಾಗ ಸಾರ್ ಆಗೋದು, ಊರಲ್ಲೇ ಕೆಲಸ ಸಿಗುತ್ತಾ ಅಂತ ಕೇಳಿದ. ಧೂಳಿನ ಬಗ್ಗೆ ಅವನು ಏನೂ ಕೇಳಲಿಲ್ಲ. ರೈಲು ಬಂತು, ಅವನು ಓಡಿ ಹೋಗಿ ಕಿಟಕಿ ಪಕ್ಕ ಇಬ್ಬರಿಗೂ ಸೀಟು ಹಿಡಿದ, ಕೂತ ಮೇಲೆ ಮೊದಲು ಕಿಟಕಿಯ ಷಟರ್ ಎಳೆದ.