ದಿನಸಿ ಬಿಲ್ ಇಂಟು ಮೂರು

ನಿಮ್ಮ ಮನೆಯ ಒಂದು ವರ್ಷದ ಊಟದ ಖರ್ಚು ಎಷ್ಟು ಅಂತ ಲೆಕ್ಕ ಹಾಕಿ. ಹೋಟೆಲ್ ಬೇಡ, ಪಾರ್ಸೆಲ್ ಬೇಡ. ಮೂರು ಹೊತ್ತೂ ಮನೆಯಲ್ಲೇ ಬೇಯಿಸಿ, ಒಂದು ಕಾಳೂ ದಂಡವಾಗದಂತೆ ಕೈ ಬಿಗಿಹಿಡಿದು ಸಂಸಾರ ತೂಗಿಸಿದರೆ ಎಷ್ಟಾಗುತ್ತದೋ ಅಷ್ಟು. ಅದನ್ನು ಮೂರರಿಂದ ಗುಣಿಸಿ. ನಿಮ್ಮ ವರಮಾನ ಅದಕ್ಕಿಂತ ಕಡಿಮೆಯಿದ್ದರೆ ನೀವು ಬಡವರು.

ಅರಳಿಕಟ್ಟೆಯಲ್ಲಿ ಕೂತು ಹಾಕಿದ ಲೆಕ್ಕದ ಹಾಗಿದೆ, ಅಲ್ವಾ? ಆದರೆ ಅಮೆರಿಕದ ಅಧಿಕೃತ ಬಡತನ ರೇಖೆ ಹುಟ್ಟಿದ್ದು ಹೀಗೆಯೇ. ಅರವತ್ತು ವರ್ಷ ಕಳೆದರೂ ಅದರ ಬುಡ ಬದಲಾಗಿಲ್ಲ.

ಈ ಲೆಕ್ಕ ಹಾಕಿದವರು ಮಾಲಿ ಆರ್ಶಾನ್ಸ್ಕಿ. 1915ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದವರು. ಅಪ್ಪ ಅಮ್ಮ ಉಕ್ರೇನ್ ಕಡೆಯಿಂದ ವಲಸೆ ಬಂದ ಯಹೂದಿಗಳು. ಮನೆ ತುಂಬ ಹೆಣ್ಣುಮಕ್ಕಳು, ಕೈಯಲ್ಲಿ ಕಾಸಿಲ್ಲ. ಪರಿಹಾರದ ಆಹಾರ ಹಂಚುವ ಕಡೆ ಅಮ್ಮನ ಜೊತೆ ಸಾಲಿನಲ್ಲಿ ನಿಂತವರು. ಬಡವರ ಬಗ್ಗೆ ಬರೆಯೋಕೆ ನನಗೆ ಕಲ್ಪನೆ ಬೇಕಿಲ್ಲ, ನೆನಪು ಸಾಕು ಎಂಬರ್ಥದ ಮಾತನ್ನು ಅವರು ಮುಂದೆ ಹೇಳಿದ್ದುಂಟು. ಹಲವು ವರ್ಷ ಕೃಷಿ ಇಲಾಖೆಯಲ್ಲಿ ಕುಟುಂಬಗಳ ಊಟದ ಲೆಕ್ಕ ನೋಡುತ್ತಾ ದುಡಿದು, 1958ರಲ್ಲಿ ಸಾಮಾಜಿಕ ಭದ್ರತಾ ಇಲಾಖೆ ಸೇರಿದರು. ಹಾಗಾಗಿ ಒಂದು ಸಂಸಾರದ ಅಡುಗೆಮನೆಗೆ ಏನೇನು ಬೇಕು, ಎಷ್ಟಾಗುತ್ತದೆ ಎನ್ನುವುದು ಅವರಿಗೆ ಬಾಯಿಪಾಠ.

ಅಲ್ಲಿಯವರೆಗೆ ಅಮೆರಿಕದ ಸರ್ಕಾರ ಸಹಾಯ ಕೊಡುವಾಗ ಕೇಳುತ್ತಿದ್ದ ಪ್ರಶ್ನೆ ‘ನೀನೆಷ್ಟು ಬಡವ’ ಅಂತ ಮಾತ್ರ ಅಲ್ಲ. ‘ನೀನ್ಯಾರು’ ಅಂತಲೂ. ಅಂತರ್ಯುದ್ಧದಲ್ಲಿ ಉತ್ತರದ ಪರ ಹೋರಾಡಿದ ಸೈನಿಕನೋ, ಅವನ ವಿಧವೆಯೋ? ಬಾ, ಪಿಂಚಣಿ ತಗೋ. ಮಹಾ ಆರ್ಥಿಕ ಕುಸಿತದ ನಡುವೆ, 1935ರ ಆಗಸ್ಟ್ 14ರಂದು ಅಧ್ಯಕ್ಷ ರೂಸ್‌ವೆಲ್ಟ್ ಸಾಮಾಜಿಕ ಭದ್ರತಾ ಕಾಯ್ದೆಗೆ ಸಹಿ ಹಾಕಿದರು. ಸಂಬಳದಿಂದ ಕಡಿತವಾಗುವ ಹಣಕ್ಕೆ ಮುಪ್ಪಿನಲ್ಲಿ ಪಿಂಚಣಿ. ದೊಡ್ಡ ಹೆಜ್ಜೆಯೇ. ಆದರೆ ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಪಿಂಚಣಿಯಿಂದ ಹೊರಗಿಟ್ಟರು. ದಕ್ಷಿಣದ ರಾಜ್ಯಗಳ ಕಪ್ಪು ಜನರಲ್ಲಿ ಬಹುಪಾಲು ಮಂದಿಗೆ ಸಿಗುತ್ತಿದ್ದದ್ದು ಈ ಎರಡೇ ಕೆಲಸ.

ಅದೇ ಕಾಯ್ದೆಯಲ್ಲಿ ಅಪ್ಪನ ಆಸರೆಯಿಲ್ಲದ ಮಕ್ಕಳಿಗೂ ಸಹಾಯಧನ ಇತ್ತು. ಆದರೆ ತಾಯಿ ‘ಯೋಗ್ಯಳು’ ಹೌದೋ ಅಲ್ಲವೋ ಅಂತ ನೋಡಬೇಕಲ್ಲ! ಕೆಲವು ಕಡೆ ಅಧಿಕಾರಿಗಳು ಸರಿರಾತ್ರಿ ಬಾಗಿಲು ಬಡಿದು, ಮನೆಯೊಳಗೆ ಗಂಡಸರು ಯಾರಾದರೂ ಇದ್ದಾರಾ ಅಂತ ಹುಡುಕುತ್ತಿದ್ದರು. ಸಿಕ್ಕಿದರೆ ಮಕ್ಕಳ ಹಣ ಬಂದ್. ಅಲಬಾಮಾ ರಾಜ್ಯದ ಇಂಥ ನಿಯಮವೊಂದನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು 1968ರಲ್ಲಿ.

ಇಂಥ ಕಾಲದಲ್ಲಿ ಆರ್ಶಾನ್ಸ್ಕಿ ಕೈಗೆತ್ತಿಕೊಂಡದ್ದು ಅಂಕಿಗಳನ್ನು. ಕೃಷಿ ಇಲಾಖೆ ಕುಟುಂಬಗಳಿಗಾಗಿ ಹಲವು ಆಹಾರ ಪಟ್ಟಿಗಳನ್ನು ಮಾಡಿತ್ತು. ಎಲ್ಲಕ್ಕಿಂತ ಅಗ್ಗದ್ದು ‘ಎಕಾನಮಿ ಫುಡ್ ಪ್ಲಾನ್’. ಕೈಯಲ್ಲಿ ದುಡ್ಡಿಲ್ಲದಾಗ ಸ್ವಲ್ಪ ದಿನದ ಮಟ್ಟಿಗೆ ಅಂತ ಮಾಡಿದ ಪಟ್ಟಿ ಅದು. ವರ್ಷಗಟ್ಟಲೆ ಉಣ್ಣೋಕಲ್ಲ. 1955ರ ಒಂದು ಸರ್ಕಾರಿ ಸಮೀಕ್ಷೆಯ ಪ್ರಕಾರ, ಮೂರು ಅಥವಾ ಹೆಚ್ಚು ಜನರಿದ್ದ ಕುಟುಂಬಗಳು ತೆರಿಗೆ ಕಳೆದು ಉಳಿದ ವರಮಾನದಲ್ಲಿ ಮೂರನೇ ಒಂದು ಭಾಗ ಊಟಕ್ಕೆ ಹಾಕುತ್ತಿದ್ದವು. ಹಾಗಾದರೆ ಊಟದ ಖರ್ಚನ್ನು ಮೂರರಿಂದ ಗುಣಿಸಿದರೆ ಇಡೀ ಸಂಸಾರದ ಖರ್ಚು ಬಂತು.

ನಾಲ್ಕು ಜನರ ಕುಟುಂಬಕ್ಕೆ 1963ರಲ್ಲಿ ಬಂದ ಉತ್ತರ ವರ್ಷಕ್ಕೆ ಸುಮಾರು 3,130 ಡಾಲರ್. ಈ ಅಂಕಿಯನ್ನು ಸುಮ್ನೆ ಹಿಂದಕ್ಕೆ ಬಿಡಿಸಿ ನೋಡಿ. ಮೂರರಿಂದ ಭಾಗಿಸಿದರೆ ಊಟಕ್ಕೆ 1,043. ನಾಲ್ಕು ಜನರಿಗೆ ಹಂಚಿದರೆ ತಲೆಗೆ 261. ದಿನಕ್ಕೆ 71 ಸೆಂಟ್. ಒಬ್ಬ ಮನುಷ್ಯನ ತಿಂಡಿ, ಮಧ್ಯಾಹ್ನದ ಊಟ, ರಾತ್ರಿ ಊಟ, ಮಗುವಿನ ಹಾಲು ಎಲ್ಲವೂ ಅಷ್ಟರಲ್ಲೇ.

1964ರ ಜನವರಿಯಲ್ಲಿ ಅಧ್ಯಕ್ಷ ಜಾನ್ಸನ್ ಬಡತನದ ಮೇಲೆ ಯುದ್ಧ ಸಾರಿದರು. ಯುದ್ಧ ಅಂದಮೇಲೆ ಶತ್ರು ಎಷ್ಟಿದ್ದಾನೆ ಅಂತ ಗೊತ್ತಿರಬೇಕು. ಅಧ್ಯಕ್ಷರ ಆರ್ಥಿಕ ಸಲಹೆಗಾರರು ಯಾವ ಕುಟುಂಬಕ್ಕಾದರೂ 3,000 ಡಾಲರ್ ಎಂದು ಒಂದೇ ಗೆರೆ ಎಳೆದುಬಿಟ್ಟಿದ್ದರು. ಇಬ್ಬರೇ ಇರುವ ಮುದುಕ ಮುದುಕಿಗೂ ಅದೇ, ಆರು ಮಕ್ಕಳ ಮನೆಗೂ ಅದೇ. ಇದು ಆರ್ಶಾನ್ಸ್ಕಿಗೆ ಸರಿಕಾಣಲಿಲ್ಲ. ಮನೆಯಲ್ಲಿ ಎಷ್ಟು ಜನ, ಅದರಲ್ಲಿ ಮಕ್ಕಳೆಷ್ಟು ಎಂಬುದನ್ನೆಲ್ಲ ನೋಡಿ 124 ಬೇರೆ ಬೇರೆ ಗೆರೆಗಳನ್ನು 1965ರ ಜನವರಿಯಲ್ಲಿ ಪ್ರಕಟಿಸಿದರು. ಬಡವರ ಒಟ್ಟು ಸಂಖ್ಯೆ ಹೆಚ್ಚುಕಮ್ಮಿ ಅಷ್ಟೇ ಉಳಿಯಿತು. ಆದರೆ ಅದರೊಳಗೆ ಮಕ್ಕಳು ಜಾಸ್ತಿಯಾದರು. ನನಗೆ ಅವರ ಕೆಲಸದಲ್ಲಿ ತುಂಬ ಇಷ್ಟವಾಗುವ ಭಾಗ ಇದು.

ಎಷ್ಟಿದ್ದರೆ ಸಾಕು ಅಂತ ಹೇಳಲಾಗದಿದ್ದರೂ, ಎಷ್ಟಿದ್ದರೆ ತೀರಾ ಕಡಿಮೆ ಅಂತ ಹೇಳಬಹುದು ಎನ್ನುವುದು ಅವರ ವಾದ. ಅವರು ಮಾಡಿದ್ದು ಸಂಶೋಧನೆಗೊಂದು ಅಳತೆಗೋಲು. ಸರ್ಕಾರಕ್ಕೆ ಆಗ ತುರ್ತಾಗಿ ಬೇಕಿದ್ದದ್ದೂ ಅದೇ. 1965ರ ಮೇ ತಿಂಗಳಲ್ಲಿ ಬಡತನ ವಿರೋಧಿ ಕಚೇರಿ ಅದನ್ನು ಬಳಸತೊಡಗಿತು. 1969ರಲ್ಲಿ ಅದೇ ಅಧಿಕೃತವಾಯಿತು. ಜೊತೆಗೊಂದು ಷರತ್ತು: ಇನ್ನು ಮುಂದೆ ಬೆಲೆ ಏರಿದಷ್ಟೇ ರೇಖೆ ಏರಬೇಕು. ಜನರ ಬದುಕಿನ ಮಟ್ಟ ಏರಿದ್ದನ್ನೂ ಸೇರಿಸೋಣ ಎಂದು ಸಾಮಾಜಿಕ ಭದ್ರತಾ ಇಲಾಖೆ ಅದರ ಹಿಂದಿನ ವರ್ಷ ಕೇಳಿದ್ದಕ್ಕೆ ಒಪ್ಪಿಗೆ ಸಿಕ್ಕಿರಲಿಲ್ಲ.

ಅಲ್ಲಿಗೆ ಆ ‘ಮೂರು’ ಕಲ್ಲಾಗಿ ಕೂತಿತು. ಇವತ್ತು ಅಮೆರಿಕದ ಸರಾಸರಿ ಕುಟುಂಬ ಊಟಕ್ಕೆ ಹಾಕುವುದು ತನ್ನ ಖರ್ಚಿನ ಎಂಟನೇ ಒಂದು ಭಾಗದ ಆಸುಪಾಸು. ಉಳಿದದ್ದನ್ನು ಮನೆ ಬಾಡಿಗೆ, ಕಾರು, ಆಸ್ಪತ್ರೆ ನುಂಗುತ್ತವೆ. ಹಳೇ ತರ್ಕವನ್ನೇ ಹಿಡಿದರೆ ಈಗ ಎಂಟರಿಂದ ಗುಣಿಸಬೇಕು. 2024ರ ಸರ್ಕಾರಿ ಮಾರ್ಗಸೂಚಿಯಲ್ಲಿ ನಾಲ್ವರ ಕುಟುಂಬಕ್ಕೆ ಇದ್ದ ಗೆರೆ 31,200 ಡಾಲರ್. ಅಲಾಸ್ಕಾ, ಹವಾಯಿ ಬಿಟ್ಟರೆ ದೇಶಕ್ಕೆಲ್ಲ ಒಂದೇ. ಸ್ಯಾನ್ ಫ್ರಾನ್ಸಿಸ್ಕೋದ ಬಾಡಿಗೆಯೂ ಮಿಸಿಸಿಪಿ ಹಳ್ಳಿಯ ಬಾಡಿಗೆಯೂ ಈ ಗೆರೆಗೆ ಒಂದೇ.

ಇದು ಅರ್ಧ ತೊಂದರೆ. ಇನ್ನರ್ಧ ಇದಕ್ಕೆ ತದ್ವಿರುದ್ಧ. ಈ ಅಳತೆಗೋಲಿಗೆ ಕಾಣುವುದು ತೆರಿಗೆ ಕಟ್ಟುವ ಮೊದಲಿನ ನಗದು ವರಮಾನ ಮಾತ್ರ. 1960ರ ದಶಕದ ಶುರುವಿನಲ್ಲಿ ಅದು ಅಷ್ಟು ದೊಡ್ಡ ವಿಷಯ ಆಗಿರಲಿಲ್ಲ. ಆದರೆ ಆಮೇಲೆ ಬಂದ ದೊಡ್ಡ ಯೋಜನೆಗಳನ್ನು ನೋಡಿ. ದಿನಸಿ ಕೊಳ್ಳಲು ಫುಡ್ ಸ್ಟ್ಯಾಂಪ್, 1964ರ ಕಾಯ್ದೆ. ಬಡವರ ಆಸ್ಪತ್ರೆ ಖರ್ಚಿಗೆ ಮೆಡಿಕೇಡ್, 1965. ಕಡಿಮೆ ಸಂಬಳದ ದುಡಿಮೆಗಾರರಿಗೆ ತೆರಿಗೆ ಇಲಾಖೆಯೇ ಹಣ ಕೊಡುವ ಯೋಜನೆ, 1975. ಇನ್ನೊಂದು ಕಡೆ ಅಪ್ಪನ ಆಸರೆಯಿಲ್ಲದ ಮಕ್ಕಳ ಹಳೆಯ ಸಹಾಯಧನವನ್ನು 1996ರಲ್ಲಿ ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿ ಮುಗಿಸಿದರು. ಅದರ ಬದಲಿಗೆ ಬಂದ ಯೋಜನೆಯಲ್ಲಿ ಕೇಂದ್ರದ ಹಣ ಸಾಮಾನ್ಯವಾಗಿ ಜೀವಮಾನಕ್ಕೆ ಐದು ವರ್ಷ ಮಾತ್ರ. ಅಂದರೆ ಅಳತೆಗೋಲಿಗೆ ಕಾಣುವ ಸಹಾಯ ಸೊರಗುತ್ತಾ ಬಂತು, ಕಾಣದ ಸಹಾಯ ಬೆಳೆಯುತ್ತಾ ಹೋಯಿತು.

1988ರಲ್ಲಿ ಅಧ್ಯಕ್ಷ ರೇಗನ್ ‘ಸರ್ಕಾರ ಬಡತನದ ಮೇಲೆ ಯುದ್ಧ ಸಾರಿತು, ಗೆದ್ದದ್ದು ಬಡತನ’ ಎಂದು ಸಂಸತ್ತಿನಲ್ಲಿ ಚುಚ್ಚಿದರು. ಗೆದ್ದವರು ಯಾರು ಅಂತ ಹೇಳಬೇಕಿದ್ದ ಅಂಕಿಗೆ ಯುದ್ಧದ ಅರ್ಧ ಆಯುಧಗಳೇ ಕಾಣುತ್ತಿರಲಿಲ್ಲ.

2011ರಿಂದ ಇನ್ನೊಂದು ಅಳತೆಯೂ ಬರುತ್ತಿದೆ. ಅದರಲ್ಲಿ ಫುಡ್ ಸ್ಟ್ಯಾಂಪ್ ಲೆಕ್ಕಕ್ಕೆ ಬರುತ್ತದೆ, ತೆರಿಗೆ ಇಲಾಖೆ ಕೊಟ್ಟ ಹಣ ಬರುತ್ತದೆ, ಊರಿನ ಬಾಡಿಗೆ ಬರುತ್ತದೆ. ಹಳೆಯದನ್ನು ತೆಗೆಯಲಿಲ್ಲ. ಎರಡೂ ಜೊತೆಜೊತೆಗೇ ನಡೆಯುತ್ತಿವೆ.

ಎರಡಕ್ಕೂ ಎಷ್ಟು ವ್ಯತ್ಯಾಸ ಎನ್ನುವುದು ಕೋವಿಡ್ ಕಾಲದಲ್ಲಿ ಗೊತ್ತಾಯಿತು. 2021ರಲ್ಲಿ ಒಂದು ವರ್ಷದ ಮಟ್ಟಿಗೆ ಮಕ್ಕಳ ತೆರಿಗೆ ರಿಯಾಯಿತಿಯನ್ನು ಹೆಚ್ಚಿಸಿದರು. ಆರು ವರ್ಷದೊಳಗಿನ ಮಗುವಿಗೆ 3,600 ಡಾಲರ್, ಅದಕ್ಕಿಂತ ದೊಡ್ಡ ಮಕ್ಕಳಿಗೆ 3,000. ಸಂಪಾದನೆಯೇ ಇಲ್ಲದ ಮನೆಗೂ ಪೂರ್ತಿ ಹಣ. ಅರ್ಧದಷ್ಟು ಜುಲೈನಿಂದ ಡಿಸೆಂಬರ್‌ವರೆಗೆ ತಿಂಗಳು ತಿಂಗಳು ಬ್ಯಾಂಕ್ ಖಾತೆಗೇ ಬಂದು ಬೀಳುತ್ತಿತ್ತು. ಸಂಸತ್ತು ಅದನ್ನು ಮುಂದುವರಿಸಲಿಲ್ಲ. ಹೊಸ ಅಳತೆಯಲ್ಲಿ ಬಡ ಮಕ್ಕಳ ಪ್ರಮಾಣ 2021ರಲ್ಲಿ ಶೇ. 5.2ಕ್ಕೆ ಇಳಿದಿತ್ತು. ಮರುವರ್ಷ ಶೇ. 12.4ಕ್ಕೆ ಏರಿತು, ಎರಡು ಪಟ್ಟಿಗೂ ಜಾಸ್ತಿ. ಹಳೇ ಅಳತೆಯಲ್ಲಿ 2021ಕ್ಕೆ ಶೇ. 15.3, 2022ಕ್ಕೆ ಶೇ. 15.0.