ಖಾರದಪುಡಿಗೆ ಗರಂ ಮಸಾಲಾ ಬೆರೆಸಿದರೆ ಬೆರ್ಬೆರೆ ಆಗುತ್ತದೆಯೇ?

ಪ್ರಶ್ನೆ: ಇಥಿಯೋಪಿಯಾದ ಮಿಸಿರ್ ವೊಟ್, ಅಂದರೆ ಮಸೂರ್ ಬೇಳೆಯ ಖಾರದ ಗಟ್ಟಿ ಸಾರು, ಮಾಡಬೇಕು ಅಂತ ಆಸೆ. ಅದಕ್ಕೆ ಹಾಕುವ ಬೆರ್ಬೆರೆ ಅನ್ನುವ ಮಸಾಲೆಪುಡಿ ನಮ್ಮೂರಲ್ಲಿ ಸಿಗಲ್ಲ. ಬ್ಯಾಡಗಿ ಮೆಣಸಿನಪುಡಿಗೆ ಸ್ವಲ್ಪ ಗರಂ ಮಸಾಲಾ ಸೇರಿಸಿದರೆ ಅದೇ ರುಚಿ ಬರುತ್ತೆ ಅಂತಾರೆ, ನಿಜವೇ?

ಉತ್ತರ: ನಿಜ ಅಲ್ಲ. ಈ ಪ್ರಶ್ನೆ ಬಾರದ ತಿಂಗಳಿಲ್ಲ, ನಮ್ಮ ಉತ್ತರವೂ ಬದಲಾಗಿಲ್ಲ. ‘ಬೇಡ’ ಅಂತಷ್ಟೇ ಹೇಳಿದರೆ ಯಾರೂ ಬಿಡುವುದಿಲ್ಲ. ಹಾಗಾಗಿ ಏಕೆ ಬೇಡ ಅನ್ನುವುದನ್ನು ಈ ಸಲ ಲೆಕ್ಕದ ಸಮೇತ ಬರೆದುಬಿಡುತ್ತೇವೆ.

ಮೊದಲು ಪ್ರಮಾಣ ನೋಡಿ. ನಾಲ್ಕು ಜನರ ಮಿಸಿರ್ ವೊಟ್‌ಗೆ, ಅಂದರೆ ಒಂದು ಲೋಟ ಮಸೂರ್ ಬೇಳೆಗೆ, 3 ಟೇಬಲ್ ಚಮಚ ಬೆರ್ಬೆರೆ ಬೀಳುತ್ತದೆ. ಅದರಲ್ಲಿ ಕಾಲು ಭಾಗ ಗರಂ ಮಸಾಲಾ ಅಂದುಕೊಂಡರೂ 2 ಟೀ ಚಮಚಕ್ಕಿಂತ ಹೆಚ್ಚಾಯಿತು. ಒಂದು ಲೋಟ ಬೇಳೆಗೆ ಅಷ್ಟು ಗರಂ ಮಸಾಲಾ ಹಾಕುವವರು ಯಾರಿದ್ದಾರೆ? ಸಾರು ಹೋಗಿ ಕಷಾಯ ಆಗುತ್ತದೆ. ಕೆಳಗೆ ಕೊಟ್ಟಿರುವ ಅಳತೆಯಲ್ಲಿ ಮಾಡಿದ ಬೆರ್ಬೆರೆಯಲ್ಲಾದರೆ ಅದೇ 3 ಚಮಚದಲ್ಲಿ ಲವಂಗದ ಪಾಲು ಪೂರ್ತಿ ಒಂದು ಮೊಗ್ಗೂ ಇರುವುದಿಲ್ಲ. ಬೆರ್ಬೆರೆಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಮೆಣಸಿನಕಾಯಿಯೇ. ಇಥಿಯೋಪಿಯಾದ ಅಮ್ಹಾರಿಕ್ ಭಾಷೆಯಲ್ಲಿ ಬೆರ್ಬೆರೆ ಅಂದರೆ ಮೆಣಸಿನಕಾಯಿ, ಅದರಿಂದ ಮಾಡಿದ ಪುಡಿಗೂ ಅದೇ ಹೆಸರು. ನಮ್ಮಲ್ಲಿ ಮೆಣಸು ಅನ್ನುವ ಹಳೇ ಹೆಸರನ್ನು ಹೊರಗಿನಿಂದ ಬಂದ ಮೆಣಸಿನಕಾಯಿ ಹಂಚಿಕೊಂಡ ಮೇಲೆ ಮೂಲದ ಮೆಣಸು ‘ಕಾಳುಮೆಣಸು’, ‘ಕರಿಮೆಣಸು’ ಆಯಿತಲ್ಲ, ಅಲ್ಲಿಯೂ ಕಾಳುಮೆಣಸಿಗೆ ‘ಕುಂದೊ ಬೆರ್ಬೆರೆ’ ಅನ್ನುತ್ತಾರೆ.

ಎರಡನೆಯದು, ಒಳಗಿನ ಸಾಮಾನು. ಗರಂ ಮಸಾಲಾದ ಘಮ ನಿಂತಿರುವುದು ಏಲಕ್ಕಿ, ಚಕ್ಕೆ, ಲವಂಗ, ಜಾಪತ್ರೆಯ ಮೇಲೆ; ಅಂಗಡಿಯ ಪುಡಿಯಲ್ಲಿ ಸೋಂಪು, ಮರಾಠಿ ಮೊಗ್ಗು, ಅನಾನಸ್ ಹೂವೂ ಇರಬಹುದು. ಬೆರ್ಬೆರೆಯ ಘಮ ನಿಂತಿರುವುದು ಮೆಂತ್ಯ, ಓಮ, ಕಲೋಂಜಿ, ಕೊರೆರಿಮಾ ಅನ್ನುವ ಅಲ್ಲಿಯ ಏಲಕ್ಕಿ, ಇವುಗಳ ಮೇಲೆ. ಜೊತೆಗೆ, ಬಹಳ ಜನಕ್ಕೆ ಗೊತ್ತೇ ಇಲ್ಲದ ಸಂಗತಿ ಒಂದಿದೆ: ಮೆಣಸಿನಕಾಯಿಯನ್ನು ಹಸಿ ಬೆಳ್ಳುಳ್ಳಿ, ಶುಂಠಿ, ಕೆಂಪು ಈರುಳ್ಳಿ, ತುಳಸಿಯ ಬಳಗದ ಬೆಸೊಬೆಲಾ ಸೊಪ್ಪಿನ ಜೊತೆ ಕುಟ್ಟಿ, ಒಂದೆರಡು ದಿನ ಮುಚ್ಚಿಟ್ಟು, ಮತ್ತೆ ಬಿಸಿಲಿಗೆ ಹಾಕಿ ಒಣಗಿಸುತ್ತಾರೆ. ಪುಡಿ ಮಾಡುವುದು ಅದಾದ ಮೇಲೆ. ಬೆರ್ಬೆರೆ ಡಬ್ಬ ತೆರೆದಾಗ ಬರುವ, ಉಪ್ಪಿನಕಾಯಿ ಜಾಡಿಯ ನೆನಪು ತರುವ ಆ ಆಳವಾದ ವಾಸನೆ ಈ ಹಂತದ್ದು. ಎಷ್ಟು ಒಣ ಮಸಾಲೆ ಬೆರೆಸಿದರೂ ಅದು ಬರುವುದಿಲ್ಲ.

ಮೂರನೆಯದು, ಮತ್ತು ನಮ್ಮ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು, ಹಾಕುವ ಹೊತ್ತು. ಗರಂ ಮಸಾಲಾ ಇಳಿಸುವ ಮುಂಚೆ ಉದುರಿಸುವ ಪುಡಿ, ಅದರ ಘಮ ಬೇಗ ಆವಿಯಾಗುತ್ತದೆ. ಬೆರ್ಬೆರೆಯನ್ನು ಈರುಳ್ಳಿಯಲ್ಲಿ ಅರ್ಧ ಗಂಟೆಯಾದರೂ ಬೇಯಿಸಬೇಕು, ಇಲ್ಲದಿದ್ದರೆ ಹಸಿ ಖಾರದ ಘಾಟು ಹೋಗುವುದಿಲ್ಲ. ಎರಡನ್ನೂ ಬೆರೆಸಿ ಒಟ್ಟಿಗೆ ಹಾಕಿದರೆ ಒಂದು ಹಸಿಯಾಗಿ ಉಳಿಯುತ್ತದೆ ಅಥವಾ ಇನ್ನೊಂದು ಬೆಂದು ಔಷಧಿಯಾಗುತ್ತದೆ.

ಗರಂ ಮಸಾಲಾದ ಜಾಗದಲ್ಲಿ ಇಥಿಯೋಪಿಯಾದಲ್ಲಿ ಏನೂ ಇಲ್ಲವೇ ಅಂದರೆ, ಇದೆ. ಅದರ ಹೆಸರು ಮೆಕೆಲೆಷಾ. ಕಾಳುಮೆಣಸು, ಹಿಪ್ಪಲಿ, ಚಕ್ಕೆ, ಲವಂಗ, ಕೊರೆರಿಮಾ, ಜೀರಿಗೆ, ಜಾಯಿಕಾಯಿ, ಇಷ್ಟು ಸೇರಿದ ಪುಡಿ. ವೊಟ್ ಇಳಿಸುವ 5 ನಿಮಿಷ ಮುಂಚೆ ಅರ್ಧ ಟೀ ಚಮಚ ಹಾಕುತ್ತಾರೆ. ನಿಮ್ಮ ಮನೆಯ ಗರಂ ಮಸಾಲಾದಲ್ಲಿ ಸೋಂಪು, ಅನಾನಸ್ ಹೂವು ಇಲ್ಲದಿದ್ದರೆ ಅದನ್ನು ಮೆಕೆಲೆಷಾ ಬದಲಿಗೆ ಧಾರಾಳವಾಗಿ ಬಳಸಿ. ಯಾರೋ ಒಬ್ಬರು ಮೆಕೆಲೆಷಾ ಬಗ್ಗೆ ಹೇಳಿದ ಮಾತು ಬೆರ್ಬೆರೆಗೆ ಅಂಟಿಕೊಂಡಿರಬೇಕು ಅನ್ನುವುದು ನಮ್ಮ ಊಹೆ. ಅಂಟಿದ್ದು ಇವತ್ತಿಗೂ ಬಿಟ್ಟಿಲ್ಲ.

ಈಗ ಮನೆಯಲ್ಲಿ ಮಾಡುವ ಬಗೆ. ಬ್ಯಾಡಗಿ ಒಳ್ಳೆಯ ಆಯ್ಕೆ, ಅದರಲ್ಲಿ ತಕರಾರಿಲ್ಲ. ಇಥಿಯೋಪಿಯಾದಲ್ಲಿ ಹೆಸರು ಮಾಡಿದ ಮಾರೆಕೊ ಫಾನಾ ತಳಿಯ ಮೆಣಸಿನಕಾಯಿಯೂ ದಟ್ಟ ಬಣ್ಣದ್ದೇ. ಬ್ಯಾಡಗಿಗೆ ಖಾರ ಕಡಿಮೆ, ಅದಕ್ಕೆ 150 ಗ್ರಾಂ ಬ್ಯಾಡಗಿಗೆ 20 ಗ್ರಾಂ ಗುಂಟೂರು ಸೇರಿಸಿಕೊಳ್ಳಿ. ತೊಟ್ಟು ಮುರಿದು, ಬೀಜ ಮುಕ್ಕಾಲು ಪಾಲು ಕೊಡವಿ ತೆಗೆಯಿರಿ. ಬೀಜ ಜಾಸ್ತಿ ಉಳಿದರೆ ಪುಡಿಯ ಬಣ್ಣ ಮಂಕಾಗುತ್ತದೆ, ರುಚಿ ಒಗರಾಗುತ್ತದೆ. ಒಂದು ದಿನ ಬಿಸಿಲಿಗೆ ಹಾಕಿ ತರಿತರಿಯಾಗಿ ಕುಟ್ಟಿ. ಸಾಂಬಾರ್ ಈರುಳ್ಳಿ 60 ಗ್ರಾಂ, ಬೆಳ್ಳುಳ್ಳಿ 40 ಗ್ರಾಂ, ಶುಂಠಿ 20 ಗ್ರಾಂ, ಒಂದು ಹಿಡಿ ಕಾಮಕಸ್ತೂರಿ ಸೊಪ್ಪು, 20 ಗ್ರಾಂ ಉಪ್ಪು, ಇವನ್ನು ನೀರು ಸೋಕಿಸದೆ ರುಬ್ಬಿ ಮೆಣಸಿನಕಾಯಿಗೆ ಕಲೆಸಿ. ಬೆಸೊಬೆಲಾಗೆ ನಮ್ಮಲ್ಲಿ ಹತ್ತಿರವಾದದ್ದು ಕಾಮಕಸ್ತೂರಿ. ಅದು ಸಿಗದಿದ್ದರೆ ತುಳಸಿ, ಆದರೆ ಅರ್ಧ ಹಿಡಿ ಸಾಕು.

ಗಾಜಿನ ಅಥವಾ ಸ್ಟೀಲ್ ಪಾತ್ರೆಯಲ್ಲಿ ಒತ್ತಿ ತುಂಬಿ ಮುಚ್ಚಿಡಿ. ಬೆಂಗಳೂರು, ಮಡಿಕೇರಿಯ ಹವೆಗೆ 2 ದಿನ, ರಾಯಚೂರಿನ ಸೆಕೆಗೆ 1 ದಿನ ಸಾಕು. ತೆರೆದಾಗ ಬೆಳ್ಳುಳ್ಳಿ ವಾಸನೆ ಮೆತ್ತಗಾಗಿ ಸ್ವಲ್ಪ ಹುಳಿ ಸೇರಿರಬೇಕು. ಬಿಳಿ, ಹಸಿರು ಬೂಷ್ಟು ಒಂದು ಚುಕ್ಕೆ ಕಂಡರೂ ಅಷ್ಟನ್ನೂ ಎಸೆಯಿರಿ, ಮೇಲಿನದನ್ನು ಕೆರೆದು ಉಳಿದದ್ದು ಬಳಸಬೇಡಿ. ಮೆಣಸಿನಕಾಯಿಯ ಬೂಷ್ಟಿನಲ್ಲಿ ಅಫ್ಲಟಾಕ್ಸಿನ್ ಅನ್ನುವ ವಿಷ ಬೆಳೆದಿರಬಹುದು, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಆಮೇಲೆ ತೆಳ್ಳಗೆ ಹರಡಿ 2–3 ದಿನ ಕಡು ಬಿಸಿಲು ಕೊಡಿ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಹಾಕಲೇಬೇಕೆಂದರೆ ಓವನ್‌ನಲ್ಲಿ 70 ಡಿಗ್ರಿಯಲ್ಲಿ, ಬಾಗಿಲು ಬೆರಳಗಲ ತೆರೆದಿಟ್ಟು ಒಣಗಿಸಿ. ಒಂದು ಚೂರನ್ನು ಬೆರಳಲ್ಲಿ ಒತ್ತಿದರೆ ಹಪ್ಪಳದ ಹಾಗೆ ಪಟ್ಟನೆ ಮುರಿಯಬೇಕು. ಬಾಗಿದರೆ ಇನ್ನೂ ತೇವ ಇದೆ, ಡಬ್ಬದಲ್ಲಿ ಗಂಟು ಕಟ್ಟುತ್ತದೆ.

ಒಣ ಮಸಾಲೆಗೆ ಕೊತ್ತಂಬರಿ ಬೀಜ 1 ಟೇಬಲ್ ಚಮಚ, ಓಮ 2 ಟೀ ಚಮಚ, ಮೆಂತ್ಯ ಒಂದೂವರೆ ಟೀ ಚಮಚ, ಕಲೋಂಜಿ 1 ಟೀ ಚಮಚ, ಕಾಳುಮೆಣಸು 1 ಟೀ ಚಮಚ, ಹಿಪ್ಪಲಿ 2 ಕಾಯಿ, ಲವಂಗ 6 ಮೊಗ್ಗು, ಚಕ್ಕೆ ಒಂದು ಇಂಚು. ಕೊರೆರಿಮಾ ಸಿಕ್ಕಿದರೆ ಅದರ ಬೀಜ 2 ಟೀ ಚಮಚ. ಸಿಗದಿದ್ದರೆ ಹಸಿರು ಏಲಕ್ಕಿಯ ಬೀಜ 1 ಟೀ ಚಮಚಕ್ಕೆ ಎರಡು ಚಿಟಿಕೆ ಜಾಯಿಕಾಯಿ ತುರಿ. ಏಲಕ್ಕಿಯನ್ನು 2 ಚಮಚಕ್ಕೆ ಏರಿಸಿದರೆ ಪುಡಿಗೆ ಪಾಯಸದ ವಾಸನೆ ಬರುತ್ತದೆ. ದೊಡ್ಡ ಕಪ್ಪು ಏಲಕ್ಕಿ ಬೇಡ, ಹೊಗೆಯಲ್ಲಿ ಒಣಗಿಸಿದ ಅದರ ಕಮಟು ಎಲ್ಲವನ್ನೂ ನುಂಗುತ್ತದೆ.

ಓಮದ ವಿಷಯದಲ್ಲಿ ಒಂದು ಎಚ್ಚರಿಕೆ. ಅಮ್ಹಾರಿಕ್‌ನಲ್ಲಿ ಓಮಕ್ಕೆ ‘ನೆಚ್ ಅಜ್ಮುದ್’, ಕಲೋಂಜಿಗೆ ‘ತಿಕುರ್ ಅಜ್ಮುದ್’ ಅನ್ನುತ್ತಾರೆ. ಬಿಳಿ, ಕಪ್ಪು ಅಂತ ಅರ್ಥ. ಎಷ್ಟೋ ಪಾಕವಿಧಾನಗಳಲ್ಲಿ ಇವು ‘ಬಿಳಿ ಜೀರಿಗೆ’, ‘ಕರಿ ಜೀರಿಗೆ’ ಆಗಿ ಅನುವಾದಗೊಂಡಿವೆ. ಅದನ್ನು ನಂಬಿ ಜೀರಿಗೆ ಹಾಕಿದರೆ ಬೆರ್ಬೆರೆ ಸಾರಿನ ಪುಡಿಯ ಕಡೆ ವಾಲುತ್ತದೆ. ಗ್ರಂಥಿಗೆ ಅಂಗಡಿಯಲ್ಲಿ ‘ಕರಿಜೀರಿಗೆ’ ಅಂತ ಕೇಳಬೇಡಿ. ಶಾಜೀರಿಗೆಯನ್ನೋ, ಕಹಿಯಾದ ಕಾಡುಜೀರಿಗೆಯನ್ನೋ ಕಟ್ಟಿಕೊಡುತ್ತಾರೆ. ‘ಕಲೋಂಜಿ’ ಅಂತಲೇ ಕೇಳಿ.

ಸಣ್ಣ ಉರಿಯಲ್ಲಿ ಒಂದೊಂದನ್ನೂ ಬೇರೆ ಬೇರೆಯಾಗಿ ಹುರಿಯಿರಿ. ಮೆಂತ್ಯ ಕೊನೆಗೆ: ತಿಳಿ ಹೊನ್ನಿನ ಬಣ್ಣಕ್ಕೆ ತಿರುಗಿದೊಡನೆ ತಟ್ಟೆಗೆ ಸುರಿಯಿರಿ. ಕೆಂಪಾಗುವವರೆಗೆ ಬಿಟ್ಟರೆ ಇಡೀ ಡಬ್ಬ ಕಹಿ. ಒಣಗಿದ ಮೆಣಸಿನಕಾಯಿ ಮಿಶ್ರಣವನ್ನೂ ಬರಿ ಬಾಣಲೆಯಲ್ಲಿ 3–4 ನಿಮಿಷ ಬೆಚ್ಚಗೆ ಮಾಡಿ, ಎಲ್ಲ ಆರಿದ ಮೇಲೆ ಬೀಸಿ ಜರಡಿ ಹಿಡಿಯಿರಿ. ಸುಮಾರು 225 ಗ್ರಾಂ ಪುಡಿ ಬರುತ್ತದೆ. ಬೀಸಿದ ದಿನ ಬಳಸಬೇಡಿ, ಒಂದು ವಾರ ಕೂರಲಿ. ಆಮೇಲೆ ಫ್ರಿಜ್‌ನಲ್ಲಿ 6 ತಿಂಗಳು ಇಡಬಹುದು.

ಇಷ್ಟಕ್ಕೆಲ್ಲ ಪುರುಸೊತ್ತಿಲ್ಲ ಅನ್ನುವವರಿಗೆ: ಬ್ಯಾಡಗಿ ಪುಡಿ 6 ಟೇಬಲ್ ಚಮಚ, ಬೆಳ್ಳುಳ್ಳಿ ಪುಡಿ ಮತ್ತು ಈರುಳ್ಳಿ ಪುಡಿ ಎರಡೆರಡು ಟೀ ಚಮಚ, ಒಣಶುಂಠಿ ಪುಡಿ 1 ಟೀ ಚಮಚ, ಮೇಲಿನ ಒಣ ಮಸಾಲೆಯಲ್ಲಿ ಕಾಲು ಪಾಲು. ಹುಳಿವಾಸನೆ ಇರುವುದಿಲ್ಲ, ಉಳಿದದ್ದು ಇರುತ್ತದೆ. ಗರಂ ಮಸಾಲಾ ಬೆರೆಸಿದ್ದಕ್ಕಿಂತ ನೂರು ಪಾಲು ವಾಸಿ.

ಪುಡಿ ಚೆನ್ನಾಗಿ ಬಂದ ಮೇಲೂ ವೊಟ್ ಕೆಡುವುದು ನಮ್ಮ ಒಗ್ಗರಣೆ ಅಭ್ಯಾಸದಿಂದ. ಎಣ್ಣೆ ಕಾಯಿಸಿ ಪುಡಿ ಹಾಕಬೇಡಿ, ಹತ್ತು ಸೆಕೆಂಡಿನಲ್ಲಿ ಸೀದು ಮನೆಮಂದಿಯೆಲ್ಲ ಕೆಮ್ಮುತ್ತಾರೆ. ಅರ್ಧ ಕಿಲೋ ಈರುಳ್ಳಿ ಸಣ್ಣಗೆ ಹೆಚ್ಚಿ, ದಪ್ಪ ತಳದ ಪಾತ್ರೆಯಲ್ಲಿ ಎಣ್ಣೆ ಇಲ್ಲದೆ ಸಣ್ಣ ಉರಿಯಲ್ಲಿ ಬಾಡಿಸಿ. ಮೊದಲು ನೀರು ಬಿಡುತ್ತದೆ, ಆಮೇಲೆ ಚರ್‌ಗುಟ್ಟುವ ಸದ್ದು ನಿಂತು ತಳ ಹಿಡಿಯಲು ನೋಡುತ್ತದೆ, ಆಗ ಒಂದು ಚಮಚ ನೀರು ಚಿಮುಕಿಸಿ. 20–25 ನಿಮಿಷಕ್ಕೆ ಈರುಳ್ಳಿ ಮುದ್ದೆಗಟ್ಟುತ್ತದೆ. ವೊಟ್‌ಗೆ ತೆಂಗಿನಕಾಯಿ ಇಲ್ಲ, ಹಿಟ್ಟಿಲ್ಲ, ಮಂದ ಬರುವುದು ಈ ಕರಗಿದ ಈರುಳ್ಳಿಯಿಂದ. ಎಣ್ಣೆ ಮೊದಲೇ ಹಾಕಿದರೆ ಈರುಳ್ಳಿ ಹುರಿದು ಗರಿಯಾಗುತ್ತದೆಯೇ ಹೊರತು ಕರಗುವುದಿಲ್ಲ. ರುಬ್ಬಿ ಹಾಕಿದರೂ ಆಗದು, ಕಹಿ ಒಸರುತ್ತದೆ.

ಆಮೇಲೆ ಕಾಲು ಲೋಟ ಎಣ್ಣೆ, 10 ನಿಮಿಷ. ನಂತರ 3 ಟೇಬಲ್ ಚಮಚ ಬೆರ್ಬೆರೆ, ಅದರ ಬೆನ್ನಿಗೇ ಕಾಲು ಲೋಟ ಬಿಸಿನೀರು. ಒಣಗಿದಾಗೆಲ್ಲ ಎರಡು ಚಮಚ ನೀರು ಚಿಮುಕಿಸುತ್ತ 15–20 ನಿಮಿಷ ಕೈಯಾಡಿಸಿ. ಬಣ್ಣ ಇಟ್ಟಿಗೆಗೆಂಪಿನಿಂದ ಕಡುಗೆಂಪಿಗೆ ಇಳಿದು, ಅಂಚಿನಲ್ಲಿ ಕೆಂಪೆಣ್ಣೆ ಒಡೆದು ನಿಲ್ಲುತ್ತದೆ. ಬೆಳ್ಳುಳ್ಳಿ, ಶುಂಠಿ ಜಜ್ಜಿದ್ದು ಒಂದೊಂದು ಟೇಬಲ್ ಚಮಚ, ತೊಳೆದ ಮಸೂರ್ ಬೇಳೆ 1 ಲೋಟ, ಬಿಸಿನೀರು 3 ಲೋಟ. ಇನ್ನೊಂದು 20 ನಿಮಿಷ ಬೇಯುವಾಗಲೂ ಪುಡಿ ಹದಕ್ಕೆ ಬರುತ್ತಲೇ ಇರುತ್ತದೆ. ಕೊನೆಗೆ ಉಪ್ಪು ನೋಡಿ, ಪುಡಿಯಲ್ಲೇ ಉಪ್ಪಿದೆ ಅನ್ನುವುದು ನೆನಪಿರಲಿ. ಮೆಕೆಲೆಷಾ ಅರ್ಧ ಟೀ ಚಮಚ. ಕುಕ್ಕರ್ ಕೂಗಿಸಬೇಡಿ.

ಈಗ ಯಾರೂ ಕೇಳದ, ಆದರೆ ಕೇಳಬೇಕಿದ್ದ ವಿಷಯ: ಎಣ್ಣೆ ಯಾವುದು? ಮಾಂಸದ ವೊಟ್‌ಗೆ ಅಲ್ಲಿ ನಿತೆರ್ ಕಿಬೆ ಬಳಸುತ್ತಾರೆ. ಬೆಣ್ಣೆ ಕಾಯಿಸುವಾಗಲೇ ಬೆಳ್ಳುಳ್ಳಿ, ಶುಂಠಿ, ಅರಿಶಿನ, ಕೊರೆರಿಮಾ, ಮೆಂತ್ಯ, ಕೊಸೆರೆತ್ ಸೊಪ್ಪು ಸೇರಿಸಿ ಸೋಸಿದ ತುಪ್ಪ ಅದು. ಆದರೆ ಮಿಸಿರ್ ವೊಟ್ ಹೆಚ್ಚಾಗಿ ಉಪವಾಸದ ಅಡುಗೆ. ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ, ಈಸ್ಟರ್‌ಗೆ ಮುಂಚಿನ 55 ದಿನ ಮಾಂಸ, ಹಾಲು, ಬೆಣ್ಣೆ, ಮೊಟ್ಟೆ ಯಾವುದನ್ನೂ ಮುಟ್ಟುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿಗೆ ಅಡ್ಡಿಯಿಲ್ಲ, ತುಪ್ಪಕ್ಕಿದೆ. ನಮ್ಮ ವ್ರತಗಳ ಊಟಕ್ಕೆ ಇದು ತದ್ವಿರುದ್ಧ.

ಆ ದಿನಗಳ ಹಳೇ ಎಣ್ಣೆ ‘ನೂಗ್’. ಅದು ನಮ್ಮ ಹುಚ್ಚೆಳ್ಳು, ಉತ್ತರ ಕರ್ನಾಟಕದವರ ಗುರೆಳ್ಳು. ಅದರ ಸಸ್ಯಶಾಸ್ತ್ರೀಯ ಹೆಸರಿನಲ್ಲೇ ‘ಅಬಿಸಿನಿಕಾ’ ಇದೆ (ಅಬಿಸಿನಿಯಾ ಇಥಿಯೋಪಿಯಾದ ಹಳೇ ಹೆಸರು), ಗಿಡದ ತವರು ಇಥಿಯೋಪಿಯಾದ ಎತ್ತರದ ನೆಲ. ಅಲ್ಲಿಂದ ಬಂದ ಬೆಳೆ ನಮ್ಮಲ್ಲಿ ಚಟ್ನಿಪುಡಿಯಾಗಿ ಒಗ್ಗಿಹೋಗಿದೆ. ಗಾಣದ ಹುಚ್ಚೆಳ್ಳೆಣ್ಣೆ ಸಿಕ್ಕಿದರೆ ಮಿಸಿರ್ ವೊಟ್‌ಗೆ ಅದನ್ನೇ ಹಾಕಿ. ಸೂರ್ಯಕಾಂತಿ ಎಣ್ಣೆಯಲ್ಲಿ ಸಿಗದ ಬೀಜದ ಘಮ ಬೆರ್ಬೆರೆಯ ಮೆಂತ್ಯಕ್ಕೆ ಚೆನ್ನಾಗಿ ಕೂಡುತ್ತದೆ. ಬೇಗ ಕಮಟುವ ಎಣ್ಣೆಯಾದ್ದರಿಂದ ಕಾಲು ಲೀಟರಿಗಿಂತ ಹೆಚ್ಚು ತರಬೇಡಿ. ಬಾಟಲಿಯನ್ನು ಒಲೆಯ ಪಕ್ಕ ಇಡದೆ ಕತ್ತಲೆಯ ಕಪಾಟಿನಲ್ಲಿಡಿ.