ಊರು ಬಿಡಿಸುವ ಓದು: ಮಲೆನಾಡಿನ ಗಂಡುಮಕ್ಕಳ ಹೈಸ್ಕೂಲು ನಡೆದುಬಂದ ದಾರಿ

2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ರಾಜ್ಯದ ಹುಡುಗಿಯರಲ್ಲಿ ಶೇ 81.11 ಮಂದಿ ಪಾಸಾದರು. ಹುಡುಗರಲ್ಲಿ ಪಾಸಾದವರು ಶೇ 65.90 ಮಾತ್ರ. ಶಿವಮೊಗ್ಗ ಜಿಲ್ಲೆ ಆ ವರ್ಷ ರಾಜ್ಯಕ್ಕೆ ಮೂರನೇ ಸ್ಥಾನಕ್ಕೆ ಬಂತು. ನಮ್ಮ ಕಡೆ ಎಲ್ಲರಿಗೂ ಖುಷಿಯಾಯಿತು. ಆದರೆ ಹುಡುಗರು ಇಷ್ಟು ಹಿಂದೆ ಬೀಳುತ್ತಿರುವ ಬಗ್ಗೆ ಯಾರೂ ಜಾಸ್ತಿ ಮಾತಾಡಲಿಲ್ಲ. ಕೇಳಿದರೆ ಮೊಬೈಲ್ ಅನ್ನುತ್ತಾರೆ, ಬೈಕ್ ಅನ್ನುತ್ತಾರೆ, ಮೇಷ್ಟ್ರ ಭಯ ಹೋಯಿತು ಅನ್ನುತ್ತಾರೆ.

ಇವೆಲ್ಲ ಸ್ವಲ್ಪ ಸ್ವಲ್ಪ ನಿಜವೇ ಇರಬಹುದು. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಹೈಸ್ಕೂಲು ಎಂಬುದನ್ನು ಕಟ್ಟಿದ್ದೇ ಗಂಡುಮಕ್ಕಳಿಗಾಗಿ. ಅದರ ವೇಳಾಪಟ್ಟಿ, ಶಿಸ್ತು, ಆಟ, ಪರೀಕ್ಷೆ ಎಲ್ಲವನ್ನೂ ಹುಡುಗನೊಬ್ಬನನ್ನು ಕಣ್ಣಮುಂದೆ ಇಟ್ಟುಕೊಂಡೇ ರೂಪಿಸಿದರು. ಯಾರಿಗಾಗಿ ಕಟ್ಟಿದರೋ ಅವರಿಗೇ ಅಲ್ಲಿ ಕೂರಲು ಮನಸ್ಸಿಲ್ಲ ಎಂದರೆ, ಆ ಶಾಲೆಯ ಗುರಿ ಏನಿತ್ತು ಎಂದು ಹಿಂದಿರುಗಿ ನೋಡಬೇಕು, ಅಲ್ವಾ?

ಓದಿಗಾಗಿ ಊರು ಬಿಡುವುದು ಈ ನಾಡಿಗೆ ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭ ಶಾಸನ ಮಯೂರಶರ್ಮನ ಕತೆ ಹೇಳುತ್ತದೆ. ಅವನು ಗುರು ವೀರಶರ್ಮನ ಜೊತೆ ಹೆಚ್ಚಿನ ಓದಿಗೆ ಕಂಚಿಯ ಘಟಿಕೆಗೆ, ಅಂದರೆ ವಿದ್ಯಾಕೇಂದ್ರಕ್ಕೆ ಹೋದ. ಅಲ್ಲಿ ಪಲ್ಲವರ ಅಶ್ವಾರೋಹಿಯೊಂದಿಗೆ ಜಗಳವಾಯಿತು. ಪುಸ್ತಕ ಬಿಟ್ಟು ಕತ್ತಿ ಹಿಡಿದ, ಕದಂಬ ರಾಜ್ಯ ಕಟ್ಟಿದ. ಹತ್ತಿರದ ಬಳ್ಳಿಗಾವಿಯ ಕೋಡಿಮಠದ ಬಗ್ಗೆ 1162ರ ಶಾಸನವಿದೆ. ಅಲ್ಲಿ ವೇದ, ವ್ಯಾಕರಣ, ದರ್ಶನಗಳನ್ನು ಕಲಿಸುತ್ತಿದ್ದರು. ಅದೇ ಮಠದಲ್ಲಿ ಬಡವರಿಗೆ ಅನ್ನ, ರೋಗಿಗಳಿಗೆ ಔಷಧಿ ಸಿಗುತ್ತಿತ್ತು. ಅನ್ನ, ಔಷಧಿ, ಓದು ಒಂದೇ ಕಡೆ ಸಿಗುತ್ತಿದ್ದವು. ಈ ಶಾಸನ ನನಗೆ ಬಹಳ ಇಷ್ಟ.

ಊರಿನ ಸಾಮಾನ್ಯ ಹುಡುಗರಿಗೆ ಇದ್ದದ್ದು ಕೂಲಿಮಠ. ಐಗಳು ಜಗಲಿಯ ಮೇಲೆ ಕೂತು ಮರಳಿನಲ್ಲಿ ಅಕ್ಷರ ತಿದ್ದಿಸುತ್ತಿದ್ದರು. ಮಗ್ಗಿ ಬಾಯಿಪಾಠ ಆಗಬೇಕಿತ್ತು. ತಪ್ಪಿದರೆ ಹಗ್ಗಕ್ಕೆ ಜೋತುಬೀಳಿಸುವ ಕೋದಂಡದ ಶಿಕ್ಷೆ ಕಾದಿರುತ್ತಿತ್ತು. ಶಿಕ್ಷೆ ಕ್ರೂರವೇ, ಅದನ್ನು ಸಮರ್ಥಿಸುವ ಮಾತಿಲ್ಲ. ಆದರೆ ಗುರಿಯಲ್ಲಿ ಗೊಂದಲ ಇರಲಿಲ್ಲ. ಹುಡುಗ ಪತ್ರ ಓದಬೇಕು, ಮಂಡಿಯ ಲೆಕ್ಕ ನೋಡಬೇಕು, ರಾತ್ರಿ ಮನೆಯವರಿಗೆ ಭಾರತ ಓದಿ ಹೇಳಬೇಕು. ಕಲಿತದ್ದು ಅದೇ ಊರಿನಲ್ಲಿ, ಅದೇ ವಾರ ಬಳಕೆಗೆ ಬರುತ್ತಿತ್ತು. ಆದರೆ ಹೆಣ್ಣುಮಕ್ಕಳು ಮತ್ತು ದಲಿತ ಮಕ್ಕಳು ಈ ಜಗಲಿ ಹತ್ತಲಾಗುತ್ತಿರಲಿಲ್ಲ. ಅದನ್ನೂ ಇಲ್ಲೇ ಹೇಳಬೇಕು.

ಹಳ್ಳಿ ಮಠಗಳಲ್ಲಿ ದೊಡ್ಡ ಹುಡುಗರು ಚಿಕ್ಕವರಿಗೆ ಪಾಠ ಹೇಳುವ ಪದ್ಧತಿ ಇತ್ತು. ಮದರಾಸಿನಲ್ಲಿ ಗಂಡು ಅನಾಥ ಮಕ್ಕಳ ಶಾಲೆ ನಡೆಸುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಮಕ್ಕಳು ಮರಳಿನ ಮೇಲೆ ಬರೆದು ಕಲಿಯುವುದನ್ನು ನೋಡಿ ಮೆಚ್ಚಿದ. ತನ್ನ ಶಾಲೆಯಲ್ಲೂ ಅದನ್ನು ತಂದ, ಹುಡುಗರಿಂದಲೇ ಹುಡುಗರಿಗೆ ಕಲಿಸಿದ. 1797ರಲ್ಲಿ ಇಂಗ್ಲೆಂಡಿನಲ್ಲಿ ಅದರ ಬಗ್ಗೆ ಬರೆದು ಪ್ರಕಟಿಸಿದ. ಅಲ್ಲಿ ಅದು ಮಾನಿಟರ್ ಪದ್ಧತಿ ಎಂದು ಹೆಸರಾಯಿತು. ಆಮೇಲೆ ನಮ್ಮ ತರಗತಿಗಳಿಗೆ ಬಂದ ಮಾನಿಟರ್‌ಗೆ ಮಾತ್ರ ಕಲಿಸುವ ಕೆಲಸ ಇರಲಿಲ್ಲ. ಗಲಾಟೆ ಮಾಡಿದವರ ಹೆಸರು ಬೋರ್ಡಿನ ಮೇಲೆ ಬರೆಯುವುದಷ್ಟೇ ಅವನ ಪಾಲಿಗೆ ಬಂತು. ಒಳ್ಳೆಯ ಪದ್ಧತಿಯ ಜೀವಾಳವೇ ಹೀಗೆ ಕಳೆದುಹೋಯಿತು.

1854ರಲ್ಲಿ ಭಾರತದ ಆಡಳಿತ ನೋಡಿಕೊಳ್ಳುತ್ತಿದ್ದ ಬ್ರಿಟಿಷ್ ಮಂತ್ರಿ ಚಾರ್ಲ್ಸ್ ವುಡ್ ಅವರ ಶಿಕ್ಷಣ ನಿರೂಪ ಬಂತು. ಅದರಲ್ಲಿ ಎರಡು ಆಸೆಗಳಿದ್ದವು. ಯುರೋಪಿನ ಜ್ಞಾನ ಹರಡಬೇಕು, ಸರ್ಕಾರಕ್ಕೆ ನಂಬಿಕಸ್ಥ ನೌಕರರು ಸಿಗಬೇಕು. ಮೈಸೂರು ಸಂಸ್ಥಾನದಲ್ಲಿ ಶಿಕ್ಷಣ ಇಲಾಖೆ ಶುರುವಾಯಿತು. 1868ರಲ್ಲಿ ಲೂಯಿ ರೈಸ್ ಹೋಬಳಿಗೊಂದು ಶಾಲೆಯ ಯೋಜನೆ ಮುಂದಿಟ್ಟರು. ಶಾಸನಗಳನ್ನು ಸಂಗ್ರಹಿಸಿದ ರೈಸ್ ಇವರೇ. ಹೋಬಳಿ ಶಾಲೆ ಊರಿನ ಭಾಷೆಯಲ್ಲಿ ನಡೆಯಿತು. ಹೈಸ್ಕೂಲು ಮಾತ್ರ ಮದರಾಸು ವಿಶ್ವವಿದ್ಯಾಲಯದ ಮೆಟ್ರಿಕ್ಯುಲೇಶನ್ ಪರೀಕ್ಷೆಯತ್ತ ಮುಖ ಮಾಡಿ ನಿಂತಿತು. ಬಹುಕಾಲ ನಮ್ಮ ಹುಡುಗ ಪಾಸೋ ಫೇಲೋ ಎಂಬುದು ಮದರಾಸಿನಲ್ಲಿ ತೀರ್ಮಾನವಾಗುತ್ತಿತ್ತು.

ಇದರ ಜೊತೆಗೆ ಇಂಗ್ಲೆಂಡಿನ ಗಂಡುಮಕ್ಕಳ ವಸತಿ ಶಾಲೆಗಳ ಆದರ್ಶವೂ ಬಂತು. 1828ರಲ್ಲಿ ರಗ್ಬಿ ಶಾಲೆಯ ಹೆಡ್‌ಮಾಸ್ಟರ್ ಆದ ಥಾಮಸ್ ಆರ್ನಾಲ್ಡ್ ಮೊದಲ ಸ್ಥಾನ ಕೊಟ್ಟದ್ದು ಧರ್ಮ ಮತ್ತು ನೀತಿಗೆ. ಎರಡನೆಯದು ಸಭ್ಯ ನಡತೆ. ಬುದ್ಧಿವಂತಿಕೆಗೆ ಮೂರನೇ ಜಾಗ. ನಮ್ಮ ಶಾಲೆಗಳ ಬೆಳಗಿನ ಪ್ರಾರ್ಥನೆ, ಸಾಲು, ಡ್ರಿಲ್ ಮಾಸ್ಟರ್‌ರ ಸೀಟಿ, ವರ್ಗಾವಣೆ ಪತ್ರದಲ್ಲಿ ‘ನಡತೆ’ ಎಂಬ ಕಾಲಂ, ಇವೆಲ್ಲದರಲ್ಲೂ ಅದರ ನೆರಳು ಕಾಣುತ್ತದೆ. ಮಲೆನಾಡಿನ ಹಳೆಯ ಮೇಷ್ಟ್ರುಗಳು ಇದನ್ನು ತಮ್ಮದೇ ರೀತಿಯಲ್ಲಿ ಒಗ್ಗಿಸಿಕೊಂಡರು. ನಡತೆ ಎಂದರೆ ಅವರಿಗೆ ಸತ್ಯ ಹೇಳುವುದು, ಹಿರಿಯರಿಗೆ ಗೌರವ ಕೊಡುವುದು, ಚೊಕ್ಕವಾಗಿ ಬರೆಯುವುದು. ಇವು ಸಣ್ಣ ಗುಣಗಳಲ್ಲ.

ಬೇರೆ ಊರಿಗಿಂತ ಇಲ್ಲಿ ಒಂದು ತೊಂದರೆ ಜಾಸ್ತಿ ಇತ್ತು. ಮಲೆನಾಡಿನಲ್ಲಿ ಮನೆಗಳು ಒಂದೊಂದು ಕಣಿವೆಗೆ ಒಂದರಂತೆ ಚದುರಿವೆ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಕಾಲುಸಂಕವೇ ಗತಿ. ಮಲೇರಿಯಾ ಊರೂರನ್ನೇ ಖಾಲಿ ಮಾಡಿದ ಕಾಲ ಅದು. ಹೈಸ್ಕೂಲು ಬೇಕೆಂದರೆ ಮನೆ ಬಿಡಲೇಬೇಕು. ಕುಪ್ಪಳಿಯ ಹುಡುಗ ಪುಟ್ಟಪ್ಪ, ಮುಂದಿನ ಕುವೆಂಪು, ಮೊದಲು ಮನೆಯಲ್ಲೇ ಮೇಷ್ಟ್ರಿಂದ ಕಲಿತರು. ಆಮೇಲೆ ತೀರ್ಥಹಳ್ಳಿಯ ಆಂಗ್ಲೋ ವರ್ನಾಕ್ಯುಲರ್ ಶಾಲೆ. ಹೈಸ್ಕೂಲಿಗೆ ಮೈಸೂರಿನ ವೆಸ್ಲಿಯನ್ ಮಿಷನ್ ಶಾಲೆಗೆ ಹೋದರು. ಅಷ್ಟು ದೂರ ಕಳಿಸುವ ಶಕ್ತಿ ಇದ್ದ ಮನೆಗಳು ಎಷ್ಟಿದ್ದಾವು?

ಹೀಗಾಗಿ ಇಲ್ಲಿ ಹೈಸ್ಕೂಲಿನ ಕತೆ ಎಂದರೆ ಅರ್ಧ ಊಟದ ಕತೆ. ಬಡ ಬ್ರಾಹ್ಮಣ ಹುಡುಗರಿಗೆ ವಾರಾನ್ನ ಇತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರದು. ಆ ಬಾಗಿಲುಗಳು ಬೇರೆ ಜಾತಿಯ ಹುಡುಗರಿಗೆ ತೆರೆಯುತ್ತಿರಲಿಲ್ಲ. 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿತು. ಸಮುದಾಯಗಳೂ ಮಠಗಳೂ ಪೇಟೆಗಳಲ್ಲಿ ಉಚಿತ ವಿದ್ಯಾರ್ಥಿನಿಲಯ ತೆರೆದವು. 1918ರಲ್ಲಿ ಸರ್ಕಾರ ನೇಮಿಸಿದ ಮಿಲ್ಲರ್ ಸಮಿತಿ ಹಿಂದುಳಿದವರಿಗೆ ವಿದ್ಯಾರ್ಥಿವೇತನ ಮತ್ತು ಸೌಲಭ್ಯ ಹೆಚ್ಚಬೇಕು ಎಂದಿತು. ಮಲೆನಾಡಿನ ಮೂರು ತಲೆಮಾರಿನ ಹುಡುಗರನ್ನು ಓದಿಸಿದ್ದು ಈ ಹಾಸ್ಟೆಲ್‌ಗಳ ಅನ್ನ ಸಾರು ಎಂದರೆ ತಪ್ಪಿಲ್ಲ. ಶಾಲೆಯ ಗುರಿಗಳ ಬಗ್ಗೆ ಬರೆಯುವವರು ಅಡಿಗೆಮನೆಯನ್ನು ಮರೆಯುತ್ತಾರೆ. ಮರೆಯಬಾರದು.

ಓದಿದ ಹುಡುಗ ಏನಾಗಬೇಕಿತ್ತು? ಗುಮಾಸ್ತ, ಶಾನುಭೋಗ, ಮೇಷ್ಟ್ರು. ದೊಡ್ಡ ಆಸೆ ಎಂದರೆ ಅಮಲ್ದಾರ, ಅಂದರೆ ತಾಲ್ಲೂಕಿನ ಮುಖ್ಯ ಅಧಿಕಾರಿ. 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣ ಕರಗತೊಡಗಿದ ಮೇಲೆ ಕಾರ್ಖಾನೆಯ ಕೆಲಸವೂ ಆ ಸಾಲಿಗೆ ಸೇರಿತು. ಅಮಲ್ದಾರಿಕೆಯ ಗೌರವ ಎಷ್ಟಿತ್ತು ಎಂಬುದಕ್ಕೆ ಈಸೂರಿನ ಸಾಕ್ಷಿಯಿದೆ. 1942ರ ಸೆಪ್ಟೆಂಬರ್‌ನಲ್ಲಿ ಶಿಕಾರಿಪುರ ತಾಲ್ಲೂಕಿನ ಈ ಊರು ತಾನು ಸ್ವತಂತ್ರ ಎಂದು ಸಾರಿತು. ತನ್ನದೇ ಸರ್ಕಾರ ಮಾಡಿಕೊಂಡಿತು. ಅದಕ್ಕೆ ಅಮಲ್ದಾರ ಜಯಣ್ಣ, ಸಬ್ ಇನ್ಸ್‌ಪೆಕ್ಟರ್ ಮಲ್ಲಪ್ಪ. ಇಬ್ಬರೂ ಇನ್ನೂ ಹುಡುಗರು. ಶಾಲೆ ತೋರಿಸಿದ್ದ ಕನಸಿನ ಕುರ್ಚಿಯನ್ನು ಊರೇ ಹುಡುಗನೊಬ್ಬನಿಗೆ ಕೊಟ್ಟಿತು, ಅದೂ ಪರೀಕ್ಷೆ ಇಲ್ಲದೆ, ತನ್ನದೇ ನೆಲದಲ್ಲಿ. ಅದರ ಬೆಲೆ ಮಾತ್ರ ಘೋರವಾಗಿತ್ತು. 1943ರ ಮಾರ್ಚ್‌ನಲ್ಲಿ ಆ ಊರಿನ ಐವರನ್ನು ಗಲ್ಲಿಗೇರಿಸಿದರು.

ಸ್ವಾತಂತ್ರ್ಯದ ನಂತರ ಗುರಿಯನ್ನು ತಿದ್ದುವ ಪ್ರಯತ್ನಗಳು ಆದವು. 1937ರಲ್ಲೇ ಗಾಂಧೀಜಿ ಕೈಕೆಲಸದ ಮೂಲಕ ಓದು ಎಂದಿದ್ದರು. 1952-53ರ ಮುದಲಿಯಾರ್ ಆಯೋಗ ವಿವಿಧೋದ್ದೇಶ ಹೈಸ್ಕೂಲು ಬೇಕು, ಕೃಷಿ ಮತ್ತು ಕಸುಬು ಕಲಿಸಬೇಕು ಎಂದಿತು. 1964-66ರ ಕೊಠಾರಿ ಆಯೋಗವೂ ದುಡಿಮೆಯ ಅನುಭವ ಓದಿನ ಭಾಗವಾಗಲಿ ಎಂದಿತು. ಮೂರೂ ಮಾತು ಹೆಚ್ಚು ಕಡಿಮೆ ಒಂದೇ. ಶಾಲೆಯಲ್ಲಿ ಉಳಿದದ್ದು ವಾರಕ್ಕೊಂದೆರಡು ಕ್ರಾಫ್ಟ್ ಪೀರಿಯಡ್. ಪರೀಕ್ಷೆ ಹತ್ತಿರ ಬಂದರೆ ಅದನ್ನೂ ಗಣಿತದ ಮೇಷ್ಟ್ರು ತೆಗೆದುಕೊಳ್ಳುತ್ತಿದ್ದರು.

ಹೊರಗೆ ಮಾತ್ರ ದೊಡ್ಡ ಬದಲಾವಣೆ ಆಗುತ್ತಿತ್ತು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗದ ಅಳತೆಯಿಂದ ಶುರುವಾದ ಜಗಳ ರೈತ ಸತ್ಯಾಗ್ರಹವಾಯಿತು. 1974ರ ಭೂಸುಧಾರಣೆ ತಿದ್ದುಪಡಿಯಿಂದ ಗೇಣಿದಾರರಿಗೆ ಉಳುವ ನೆಲ ಸಿಕ್ಕಿತು. ಅವರ ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಹೈಸ್ಕೂಲಿಗೆ ಬಂದರು. ಒಂದು ಕಡೆ ಹುಡುಗನ ಮನೆಗೆ ಮೊದಲ ಬಾರಿ ಸ್ವಂತ ಗದ್ದೆ ಬಂತು. ಇನ್ನೊಂದು ಕಡೆ ಶಾಲೆ ಅವನಿಗೆ ಗದ್ದೆಯಿಂದ ಹೊರಬರುವುದೇ ಗೆಲುವು ಎಂದು ಕಲಿಸಿತು. ‘ಓದದಿದ್ದರೆ ದನ ಕಾಯ್ತೀಯ’ ಎಂಬ ಮೇಷ್ಟ್ರ ಬೈಗುಳವನ್ನು ಕೇಳದ ಹುಡುಗ ಇಲ್ಲ. ದನ ಕಾಯುವ ಅಪ್ಪನ ಮಗನಿಗೆ ಅದು ಹೇಗೆ ತಾಗಿರಬೇಡ!

ಆಯೋಗಗಳು ಬದಲಾದವು, ಪಠ್ಯ ಬದಲಾಯಿತು. ಊರು ಬಿಡಿಸುವುದೇ ಓದಿನ ಗುರಿ ಎಂಬುದು ಬದಲಾಗಲಿಲ್ಲ. ಊರು ಬಿಟ್ಟವರಿಗೆ ಒಳ್ಳೆಯದೇ ಆಯಿತು, ಅದರಲ್ಲಿ ಎರಡು ಮಾತಿಲ್ಲ. ಊರಲ್ಲೇ ಉಳಿಯುವ ಹುಡುಗನಿಗೆ ಮಾತ್ರ ಶಾಲೆಯ ಬಳಿ ಏನೂ ಇರಲಿಲ್ಲ. ಆಫೀಸಿನ ಕೆಲಸಗಳು ಕಡಿಮೆಯಾದಂತೆ ಅವನು ಬೆಂಚಿನ ಮೇಲೆ ಕೂರಲು ಕಾರಣವೂ ಕಡಿಮೆಯಾಯಿತು. ಹುಡುಗಿಗೆ ಹಾಗಲ್ಲ. ಓದು ಅವಳಿಗೆ ಇಂದಿಗೂ ಬಿಡುಗಡೆಯ ದಾರಿ. ಅದಕ್ಕೇ ಅವಳು ಹಟ ಹಿಡಿದು ಓದುತ್ತಾಳೆ.

ಊರಿನ ಕೆಲಸಕ್ಕೂ ಶಾಲೆಗೂ ನಂಟು ತಪ್ಪಿದ್ದಕ್ಕೆ ಕೊಳೆರೋಗದ ಉದಾಹರಣೆಯನ್ನೇ ನೋಡಿ. ಮಳೆಗಾಲದಲ್ಲಿ ಅಡಿಕೆ ಗೊನೆ ಕೊಳೆತು ಉದುರುವ ಈ ರೋಗದ ಬಗ್ಗೆ ಮೈಸೂರು ಸರ್ಕಾರದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಅಧ್ಯಯನ ಮಾಡಿದರು. ಬೋರ್ಡೋ ದ್ರಾವಣ ಹೊಡೆಯಿರಿ ಎಂದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಇವತ್ತಿಗೂ ತೋಟಗಳನ್ನು ಕಾಯುತ್ತಿರುವುದು ಅದೇ. ಆಮ್ಲ, ಪ್ರತ್ಯಾಮ್ಲ, ಶಿಲೀಂಧ್ರ, ಶೇಕಡಾ ಲೆಕ್ಕ ಎಲ್ಲವೂ ಆ ಒಂದು ಡ್ರಮ್ಮಿನಲ್ಲಿವೆ. ಹುಡುಗ ಜೂನ್‌ನಲ್ಲಿ ಅಪ್ಪನ ಜೊತೆ ದ್ರಾವಣ ಕಲಸಿ ಬರುತ್ತಾನೆ. ತರಗತಿಯಲ್ಲಿ ಅದೇ ರಸಾಯನಶಾಸ್ತ್ರ ತನ್ನದಲ್ಲ ಎಂದುಕೊಂಡು ಸುಮ್ನೆ ಕೂರುತ್ತಾನೆ.

ಗಂಡುಮಕ್ಕಳಿಗೇ ಬೇರೆ ಶಾಲೆ ಎಂಬುದರ ಬಗ್ಗೆಯೂ ನೇರವಾಗಿ ಹೇಳಬೇಕು. 1960ರ ದಶಕದಲ್ಲೇ ಹಂಸಾ ಮೆಹ್ತಾ ಸಮಿತಿ ಹುಡುಗರಿಗೊಂದು ಹುಡುಗಿಯರಿಗೊಂದು ಪಠ್ಯ ಬೇಡ ಎಂದಿತ್ತು. ಆದರೂ ಗೃಹವಿಜ್ಞಾನ ಎಂದರೆ ಹೆಣ್ಣುಮಕ್ಕಳದ್ದು ಎಂಬ ಯೋಚನೆ ಬಹುಕಾಲ ಉಳಿಯಿತು. ಹಾಸ್ಟೆಲ್‌ನಲ್ಲಿ ವರ್ಷಗಟ್ಟಲೆ ಉಂಡ ಹುಡುಗನಿಗೆ ಅನ್ನ ಮಾಡಲು ಬರುವುದಿಲ್ಲ ಎಂದರೆ ಅದು ಶಾಲೆಯ ಲೋಪವೇ. ಜೊತೆಯಲ್ಲಿ ಕೂತು ಓದಿದರೆ ಹುಡುಗರು ಕೆಡುತ್ತಾರೆ ಎನ್ನುವವರು ಈಗಲೂ ಇದ್ದಾರೆ. ನಾನು ಒಪ್ಪುವುದಿಲ್ಲ. ಮುಂದೆ ಹುಡುಗಿಯರ ಜೊತೆಗೇ ಕೆಲಸ ಮಾಡಿ ಬದುಕುವ ಹುಡುಗರು ಅವರನ್ನು ಸಹಪಾಠಿಗಳಾಗಿ ನೋಡಿ ಬೆಳೆಯುವುದು ಒಳ್ಳೆಯದು. ಹೆಸರಿನಲ್ಲಿ ‘ಬಾಲಕರ’ ಎಂದಿರುವ ಸರ್ಕಾರಿ ಪ್ರೌಢಶಾಲೆಗಳ ಬಾಗಿಲು ಹುಡುಗಿಯರಿಗೂ ತೆರೆಯಬೇಕು.

ಬೆತ್ತ ವಾಪಸ್ ಬರಲಿ ಎನ್ನುವವರಿಗೂ ಒಂದು ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆ ಹೊಡೆಯುವುದನ್ನು ನಿಷೇಧಿಸಿದೆ. ಆದರೆ ಉಚಿತ, ಕಡ್ಡಾಯ ಶಿಕ್ಷಣದ ಹಕ್ಕನ್ನು ಅದು ಕೊಟ್ಟಿರುವುದು ಎಂಟನೇ ತರಗತಿಯವರೆಗೆ ಮಾತ್ರ. ಒಂಬತ್ತು, ಹತ್ತರಲ್ಲಿ ಹುಡುಗ ಶಾಲೆ ಬಿಟ್ಟರೆ ಹಿಡಿದು ನಿಲ್ಲಿಸುವ ಕಾನೂನಿನ ಬಲ ಇಲ್ಲ. ಚಿಂತೆ ಮಾಡಬೇಕಾದ್ದು ಅಲ್ಲಿ.

ಬದಲಾವಣೆಗೆ ಇನ್ನೊಂದು ಆಯೋಗ ಬೇಕಿಲ್ಲ. ಮಲೆನಾಡಿನಲ್ಲಿ ಔಷಧಿ ಹೊಡೆಯುವುದೂ ಭತ್ತದ ನೆಟ್ಟಿಯೂ ಶಾಲೆ ಶುರುವಾದ ಮೊದಲ ಎರಡು ಮೂರು ತಿಂಗಳಲ್ಲೇ ಬರುತ್ತವೆ. ವಿಜ್ಞಾನ ಶಿಕ್ಷಕರು ಆ ದಿನಗಳಲ್ಲಿ ಆಮ್ಲ-ಪ್ರತ್ಯಾಮ್ಲದ ಪಾಠವನ್ನು ಮೈಲುತುತ್ತದಿಂದ ಶುರುಮಾಡಬಹುದು. ಎಲೆಚುಕ್ಕಿ ರೋಗದ ಎಲೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಇಡಬಹುದು. ಮಂಡಿಯ ಚೀಟಿ ಗಣಿತದ ತರಗತಿಗೆ ಬರಬಹುದು. ಶಾಲಾಭಿವೃದ್ಧಿ ಸಮಿತಿಯಲ್ಲಿ (ಎಸ್‌ಡಿಎಂಸಿ) ಕೂರುವ ಅಪ್ಪಂದಿರಲ್ಲಿ ಇದನ್ನೆಲ್ಲ ಬಲ್ಲವರು ಇದ್ದೇ ಇರುತ್ತಾರೆ. ಅವರನ್ನು ಸಹಿ ಹಾಕಲಿಕ್ಕೆ ಮಾತ್ರ ಕರೆಯದೆ, ಒಂದು ಪಾಠ ಹೇಳಲಿಕ್ಕೂ ಶಾಲೆಗೆ ಕರೆಯಬೇಕು.